ರೈಡಿಂಗ್ ಮೋವರಿನ ಬೆಲ್ಟ್ ಪದೇ ಪದೇ ಕಳಚುತ್ತಿದ್ದರೆ ಹೊಸ ಬೆಲ್ಟ್ ತರುವ ಮೊದಲು ಏನು ನೋಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಾರ್ತ್ ಕೆರೊಲಿನಾದಲ್ಲಿ ಮನೆ ಕೊಂಡಿರಿ. ಹಿಂದಿನ ಮಾಲೀಕರು 42 ಇಂಚಿನ ಡೆಕ್ (ಬ್ಲೇಡುಗಳನ್ನು ಮುಚ್ಚಿರುವ ಅಡಿಯ ತಗಡಿನ ಭಾಗ) ಇರುವ ಹಳೇ ರೈಡಿಂಗ್ ಮೋವರನ್ನು, ಅಂದರೆ ಮೇಲೆ ಕೂತು ಹುಲ್ಲು ಕತ್ತರಿಸುವ ಗಾಡಿಯನ್ನು, ಅಲ್ಲೇ ಬಿಟ್ಟು ಹೋದರು. ಬ್ಲೇಡ್ ಶುರು ಮಾಡುವುದು ಕೈ ಲಿವರಿನಿಂದ. ಡೆಕ್ಕಿನ ಬೆಲ್ಟ್ ಕಳಚಿತು, ಹೊಸದು ಹಾಕಿದಿರಿ, ಅದೂ ಬೇಗ ಕಳಚಿತು. ಡೆಕ್ ಮೇಲೆ ಒಂದು ತೆಳ್ಳನೆಯ ಸ್ಪ್ರಿಂಗ್ ಬಿದ್ದಿತ್ತು, ಅದು ಎಲ್ಲಿಯದು ಅಂತ ತಿಳಿಯುತ್ತಿಲ್ಲ. ಇನ್ನೂ ಒಳ್ಳೆ ಬೆಲ್ಟ್ ತರಿಸಲೇ ಅಂತ ಕೇಳಿದ್ದೀರಿ.

ಈಗಲೇ ತರಿಸಬೇಡಿ. ನಾನು ಒಹಾಯೋದಲ್ಲಿದ್ದೇನೆ. ಹುಲ್ಲು ಚಿಗುರುವ ಏಪ್ರಿಲ್ ಬಂದರೆ ನಮ್ಮ ಮನೆಯ ಮೋವರಿನ ಜೊತೆ ಅಕ್ಕಪಕ್ಕದವರ ಮೋವರುಗಳ ಡೆಕ್ಕನ್ನೂ ಬಿಚ್ಚುತ್ತೇನೆ. ನಾನು ಕಂಡ ಹಾಗೆ, ಪದೇ ಪದೇ ಬೆಲ್ಟ್ ಕಳಚುವ ಗಾಡಿಯಲ್ಲಿ ತಪ್ಪು ಬೆಲ್ಟಿನದ್ದಾಗಿರುವುದು ಕಮ್ಮಿ. ಬೆಲ್ಟನ್ನು ಬಿಗಿ ಹಿಡಿಯುವ ತೋಳು, ಅದನ್ನು ಎಳೆಯುವ ಸ್ಪ್ರಿಂಗ್, ತೋಳಿನ ತುದಿಯ ಪುಲ್ಲಿ, ಇವುಗಳಲ್ಲಿ ಒಂದು ಕೈಕೊಟ್ಟಿರುತ್ತದೆ. ಇನ್ನೊಂದು ಮಾತು. ಆ ಬಿದ್ದ ಸ್ಪ್ರಿಂಗ್ ತನ್ನ ಜಾಗಕ್ಕೆ ಹೋಗುವವರೆಗೆ ದಯವಿಟ್ಟು ಬ್ಲೇಡ್ ಓಡಿಸಬೇಡಿ.

ಯಾಕೆ ಅಂದರೆ, ಕೈ ಲಿವರಿನ ಮೋವರಿನಲ್ಲಿ ಡೆಕ್ ಬೆಲ್ಟೇ ಕ್ಲಚ್. ಲಿವರ್ ಕೆಳಗಿದ್ದಾಗ ಬೆಲ್ಟ್ ಸಡಿಲವಾಗಿರುತ್ತದೆ, ಎಂಜಿನ್ ಪುಲ್ಲಿ ಅದರೊಳಗೆ ಸುಮ್ನೆ ತಿರುಗುತ್ತದೆ. ಲಿವರ್ ಎತ್ತಿದಾಗ ಕೇಬಲ್ ಒಂದು ದಪ್ಪ ಸ್ಪ್ರಿಂಗನ್ನು ಎಳೆಯುತ್ತದೆ, ಸ್ಪ್ರಿಂಗ್ ಐಡ್ಲರ್ ತೋಳನ್ನು (ಮೇಲೆ ಹೇಳಿದ, ಬೆಲ್ಟನ್ನು ಬಿಗಿ ಹಿಡಿಯುವ ತೋಳು) ಎಳೆಯುತ್ತದೆ, ತೋಳಿನ ಪುಲ್ಲಿ ಬೆಲ್ಟನ್ನು ಒತ್ತಿ ಬಿಗಿ ಮಾಡುತ್ತದೆ. ಆಗ ಬ್ಲೇಡ್ ತಿರುಗುತ್ತದೆ. ನಡುವೆ ಸ್ಪ್ರಿಂಗ್ ಇಟ್ಟಿರುವುದಕ್ಕೆ ಕಾರಣ ಇದೆ. ಬೆಲ್ಟ್ ಓಡುತ್ತಾ ಓಡುತ್ತಾ ಸ್ವಲ್ಪ ಉದ್ದವಾಗುತ್ತದೆ, ದಟ್ಟ ಹುಲ್ಲು ಸಿಕ್ಕಾಗ ಎಳೆತ ಏರುಪೇರಾಗುತ್ತದೆ. ಅದನ್ನೆಲ್ಲ ಸ್ಪ್ರಿಂಗ್ ಸರಿದೂಗಿಸಿ ಬಿಗಿತ ಕಾಯುತ್ತದೆ.

ತೆಳ್ಳನೆಯ ಇನ್ನೊಂದು ಸ್ಪ್ರಿಂಗ್ ಇದಕ್ಕೆ ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಲಿವರ್ ಇಳಿಸಿದಾಗ ತೋಳನ್ನು ಹಿಂದಕ್ಕೆ ತರುವುದು ಅದು. ಬಹಳ ಡೆಕ್ಕುಗಳಲ್ಲಿ ಇದೇ ಚಲನೆಯಿಂದ ಬ್ರೇಕ್ ಪ್ಯಾಡುಗಳು ಸ್ಪಿಂಡಲ್ (ಬ್ಲೇಡ್ ತಿರುಗುವ ಅಚ್ಚು) ಪುಲ್ಲಿಗಳ ಅಂಚಿಗೆ ಒತ್ತಿ ಬ್ಲೇಡನ್ನು ನಿಲ್ಲಿಸುತ್ತವೆ. ನಿಮಗೆ ಸಿಕ್ಕಿರುವುದು ಹೆಚ್ಚಾಗಿ ಇದೇ. ಅದು ಇಲ್ಲದಿದ್ದರೂ ಹುಲ್ಲು ಕತ್ತರಿಸುತ್ತದೆ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಆದರೆ ಲಿವರ್ ಇಳಿಸಿದ ಮೇಲೂ ಬ್ಲೇಡ್ ತಿರುಗುತ್ತಲೇ ಇರಬಹುದು. ಅರ್ಧ ಬಿಗಿ ಉಳಿದ ಬೆಲ್ಟ್ ಪುಲ್ಲಿಗೆ ಉಜ್ಜಿ ಸುಡುತ್ತದೆ. ಸರಿಯಿರುವ ಮೋವರಿನಲ್ಲಿ ಲಿವರ್ ಇಳಿಸಿದ ಸುಮಾರು 5 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇದರಲ್ಲಿ ಯಾವ ರಾಜಿಯೂ ಬೇಡ.

ಕೆಲಸಕ್ಕೆ ಕೂರುವ ಮೊದಲು ಗಾಡಿ ಸಮನೆಲದ ಮೇಲಿರಲಿ. ಪಾರ್ಕಿಂಗ್ ಬ್ರೇಕ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಸ್ಪಾರ್ಕ್ ಪ್ಲಗ್ ವೈರ್ ಎಳೆದು ದೂರ ಇಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಕೈ ಹಾಕಬೇಡಿ. ದಪ್ಪ ಗ್ಲವ್ಸ್ ಬೇಕು, ಕಣ್ಣಿಗೆ ಕನ್ನಡಕ ಖಂಡಿತ ಬೇಕು. ಹಿಗ್ಗಿದ ಸ್ಪ್ರಿಂಗ್ ಜಾರಿದರೆ ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು.

ಡೆಕ್ಕನ್ನು ಎಲ್ಲಕ್ಕಿಂತ ಕೆಳಗಿನ ಎತ್ತರಕ್ಕೆ ಇಳಿಸಿ, ಎಂಜಿನ್ ಪುಲ್ಲಿಯಿಂದ ಬೆಲ್ಟ್ ತಪ್ಪಿಸಿ, ಲಿವರಿನ ಕೇಬಲ್ ಬಿಡಿಸಿ, ಪಿನ್ನುಗಳನ್ನು ತೆಗೆದರೆ ಡೆಕ್ ಪಕ್ಕಕ್ಕೆ ಜಾರಿ ಹೊರಗೆ ಬರುತ್ತದೆ. ಏನನ್ನಾದರೂ ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆಯಿರಿ. ಬೆಲ್ಟ್ ಹೋಗುವ ದಾರಿ, ಪ್ರತಿ ಸ್ಪ್ರಿಂಗಿನ ಎರಡೂ ಕೊಕ್ಕೆ, ಯಾವ ಕೊಕ್ಕೆ ಮೇಲ್ಮುಖ, ಎಲ್ಲವೂ ಬರಲಿ. ಮೇಲೆ ಕೂತ ಒಣ ಹುಲ್ಲನ್ನು ಬ್ಲೋವರಿನಿಂದ ಊದಿ. ಸ್ಪಿಂಡಲ್ ಮೇಲೆ ನೇರ ನೀರು ಹೊಡೆದರೆ ಬೇರಿಂಗ್ ಹಾಳು.

ಈಗ ಮುಖ್ಯ ವಿಷಯ. ದಪ್ಪ ಸ್ಪ್ರಿಂಗನ್ನು ಕಳಚಿಟ್ಟು ಐಡ್ಲರ್ ತೋಳನ್ನು ಬರೀ ಕೈಯಲ್ಲಿ ಆಡಿಸಿ ನೋಡಿ. ಸಲೀಸಾಗಿ ಹೋಗಿ ಬರಬೇಕು. ಹಳೇ ಗಾಡಿಗಳಲ್ಲಿ ಅದು ತುಕ್ಕು ಮತ್ತು ಹುಲ್ಲಿನ ಪುಡಿ ಸೇರಿ ಬಿಗಿದು ಕೂತಿರುತ್ತದೆ. ತೋಳೇ ಅಂಟಿಕೊಂಡಿದ್ದರೆ ಎಂಥ ಸ್ಪ್ರಿಂಗ್ ಹಾಕಿದರೂ ಬೆಲ್ಟ್ ಬಿಗಿಯಾಗುವುದಿಲ್ಲ. ತೋಳು ತಿರುಗುವ ಪಿವಟ್ ಬೋಲ್ಟ್ ಬಿಚ್ಚಿ, ತಂತಿ ಬ್ರಷ್ಷಿನಿಂದ ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿ. ನಟ್ ಬಿಗಿ ಮಾಡಿದ ಮೇಲೂ ತೋಳು ಆಡಬೇಕು. ಇಷ್ಟರಲ್ಲೇ ಸರಿಹೋದ ಗಾಡಿಗಳನ್ನು ನೋಡಿದ್ದೇನೆ.

ಆಮೇಲೆ ಐಡ್ಲರ್ ಪುಲ್ಲಿಗಳನ್ನು ಬೆರಳಿನಿಂದ ತಿರುಗಿಸಿ. ಗರಗರ ಸದ್ದು ಬಂದರೆ, ಅಥವಾ ಅಕ್ಕಪಕ್ಕ ಅಲ್ಲಾಡಿದರೆ, ಬದಲಾಯಿಸಿ. ವಾಲಿದ ಪುಲ್ಲಿ ಬೆಲ್ಟನ್ನು ಮಗುಚಿ ಹಾಕುತ್ತದೆ. ಚಪ್ಪಟೆ ಪುಲ್ಲಿ ಬೆಲ್ಟಿನ ಬೆನ್ನಿಗೆ, ತೋಡು ಇರುವ ಪುಲ್ಲಿ ಬೆಲ್ಟಿನ ಒಳಮುಖಕ್ಕೆ. ಇದು ಅದಲುಬದಲಾದರೆ ಬೆಲ್ಟ್ ನಿಲ್ಲುವುದೇ ಇಲ್ಲ. ಬ್ಲೇಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಸ್ಪಿಂಡಲಿನಲ್ಲಿ ಸಡಿಲ ಇದೆಯಾ ಅಂತಲೂ ನೋಡಿ.

ಸ್ಪ್ರಿಂಗ್ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಸುಲಭ. ಬಿಚ್ಚಿ ಮೇಜಿನ ಮೇಲಿಟ್ಟಾಗ ಸುರುಳಿಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ನಡುವೆ ಬೆಳಕು ಕಂಡರೆ ಅದು ಹಿಗ್ಗಿ ಹೋಗಿದೆ. ಕೊಕ್ಕೆ ತೆರೆದುಕೊಂಡಿದ್ದರೂ ಹಾಗೇ, ಹೊಸದು ಬೇಕು. ಜೋಡಿಸಿ ಲಿವರ್ ಎತ್ತಿದಾಗ ಇದಕ್ಕೆ ತದ್ವಿರುದ್ಧ, ಸುರುಳಿಗಳ ನಡುವೆ ಸಂದು ಕಾಣಬೇಕು. ಆಗಲೂ ಮುಚ್ಚಿಕೊಂಡೇ ಇದ್ದರೆ ಕೇಬಲ್ ಉದ್ದವಾಗಿದೆ, ಇಲ್ಲವೇ ಬೆಲ್ಟ್ ಉದ್ದ ಜಾಸ್ತಿ. ಹಳೇ ಸ್ಪ್ರಿಂಗನ್ನು ಕತ್ತರಿಸಿ, ಬಾಗಿಸಿ ಹೊಸ ಕೊಕ್ಕೆ ಮಾಡುವವರಿದ್ದಾರೆ. ಬೇಡ. ಸುರುಳಿ ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ, ಆ ಎಳೆತವೆಲ್ಲ ಸ್ಪಿಂಡಲ್ ಬೇರಿಂಗಿನ ಮೇಲೆ ಬೀಳುತ್ತದೆ.

ಬಿಗಿ ಸ್ಪ್ರಿಂಗ್ ಹಾಕಲು ಇಕ್ಕಳಕ್ಕಿಂತ ಗಟ್ಟಿ ನೈಲಾನ್ ಹಗ್ಗ ಒಳ್ಳೆಯದು. ಹಗ್ಗವನ್ನು ಕೊಕ್ಕೆಗೆ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಸ್ಕ್ರೂಡ್ರೈವರ್ ಹಿಡಿಗೆ ಸುತ್ತಿ, ಮೈಭಾರ ಬಿಟ್ಟು ಎಳೆಯಿರಿ. ಅಮೆರಿಕದಲ್ಲಿ ಇನ್ನೊಂದು ಉಪಾಯ ಮಾಡುತ್ತಾರೆ, ನನಗೂ ಇಷ್ಟ. ಸ್ಪ್ರಿಂಗನ್ನು ವೈಸಿನಲ್ಲಿ (ಮೇಜಿಗೆ ಕೂರಿಸಿದ ಬಿಗಿ ಹಿಡಿಕೆ) ಹಿಡಿದು ಒಂದು ಕಡೆಗೆ ಬಾಗಿಸಿದರೆ ಸುರುಳಿಗಳ ನಡುವೆ ಸಂದು ಬಿಡುತ್ತದೆ. ಆ ಸಂದುಗಳಿಗೆ ಒಂದೊಂದು ಪೆನ್ನಿ ನಾಣ್ಯ ಸಿಕ್ಕಿಸಿ. ಆಮೇಲೆ ಇನ್ನೊಂದು ಕಡೆಗೆ ಬಾಗಿಸಿ ಅಲ್ಲೂ ಹಾಗೇ ಮಾಡಿ. ಸ್ಪ್ರಿಂಗ್ ಹಿಗ್ಗಿದ ಸ್ಥಿತಿಯಲ್ಲೇ ನಿಲ್ಲುತ್ತದೆ. ಕೊಕ್ಕೆ ಸಿಕ್ಕಿಸಿ, ತೋಳನ್ನು ಎಳೆದರೆ ನಾಣ್ಯಗಳು ಉದುರುತ್ತವೆ. ಒಂದೂ ಒಳಗೆ ಉಳಿಯದಂತೆ ಎಣಿಸಿಕೊಳ್ಳಿ.

ಹಳೆಯ ಬೆಲ್ಟನ್ನು ಎಸೆದಿಲ್ಲ ಅಲ್ವಾ? ಅದು ಬಹಳ ಹೇಳುತ್ತದೆ. ಒಂದೇ ಅಂಚು ಎಳೆ ಬಿಟ್ಟಿದ್ದರೆ ಯಾವುದೋ ಪುಲ್ಲಿ ವಾಲಿದೆ, ಅಥವಾ ಬೆಲ್ಟ್ ಪುಲ್ಲಿಯ ಸುತ್ತಲಿನ ಕಾಪಿಗೆ (ಬೆಲ್ಟ್ ಹಾರದಂತೆ ತಡೆಯುವ ಸಣ್ಣ ಕಂಬಿ) ಉಜ್ಜಿದೆ. ಒಂದೇ ಜಾಗದಲ್ಲಿ ಸುಟ್ಟಿದ್ದರೆ ಸ್ಪಿಂಡಲ್ ಎಲ್ಲೋ ಹಿಡಿದುಕೊಂಡಿತ್ತು. ಎರಡೂ ಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಬಿಗಿತ ಸಾಲದೆ ಜಾರಿದೆ, ಅಂದರೆ ಮತ್ತೆ ಸ್ಪ್ರಿಂಗಿನ ಕಡೆಗೇ ಬೆರಳು. ಬೆಲ್ಟಿನ ತಳ ಪುಲ್ಲಿ ತೋಡಿನ ತಳಕ್ಕೆ ತಾಗಿ ಹೊಳಪು ಬಂದಿದ್ದರೆ ಬೆಲ್ಟೋ ಪುಲ್ಲಿಯೋ ಸವೆದಿದೆ. ಇಂಥ ವಿ ಆಕಾರದ ಬೆಲ್ಟ್ (ವಿ-ಬೆಲ್ಟ್) ಹಿಡಿಯುವುದು ಬದಿಗಳಿಂದ, ತಳದಿಂದಲ್ಲ.

ಊರಿನ ಹಿಟ್ಟಿನ ಗಿರಣಿಯಲ್ಲಿ ಬೆಲ್ಟಿಗೆ ರಾಳ ಸವರುವುದನ್ನು ನೋಡಿದವರು ಇಲ್ಲೂ ಏನಾದರೂ ಅಂಟು ಹಚ್ಚಲು ಹೋಗುತ್ತಾರೆ. ಅದು ಚಪ್ಪಟೆ ಬೆಲ್ಟಿನ ಲೆಕ್ಕ. ಮೋವರಿನ ಬೆಲ್ಟ್ ಲಿವರ್ ಇಳಿಸಿದ ಕೂಡಲೇ ಪುಲ್ಲಿಯನ್ನು ಬಿಡಬೇಕು. ಅಂಟಿದರೆ ಬಿಡುವುದಿಲ್ಲ, ಜೊತೆಗೆ ಹುಲ್ಲಿನ ಪುಡಿಯೂ ಮೆತ್ತಿಕೊಳ್ಳುತ್ತದೆ.

ಬೆಲ್ಟ್ ಕೊಳ್ಳಲೇಬೇಕಾದರೆ ಹಳೆಯದನ್ನು ಅಳೆದು ಕೊಳ್ಳಬೇಡಿ, ಅದು ಹಿಗ್ಗಿರುತ್ತದೆ. ಸೀಟಿನ ಕೆಳಗಿನ ಸ್ಟಿಕ್ಕರಿನಲ್ಲಿ ಮಾಡೆಲ್ ನಂಬರ್ ಇರುತ್ತದೆ, ಅದರಿಂದ ಪಾರ್ಟ್ ನಂಬರ್ ಹುಡುಕಿ. ನಂಬರುಗಳಲ್ಲಿ ಸ್ವಲ್ಪ ಗೊಂದಲ ಇದೆ. ಎಂಟಿಡಿ ಕಂಪನಿಯ ಗಾಡಿಗಳ 754 ಮತ್ತು 954 ಶುರುವಿನ ನಂಬರುಗಳು ಒಂದೇ ಬೆಲ್ಟು, ಉದಾಹರಣೆಗೆ 754-04060 ಮತ್ತು 954-04060. ಹಳೇ ಕ್ರಾಫ್ಟ್ಸ್‌ಮನ್ 42 ಇಂಚಿನ ಡೆಕ್ಕುಗಳ ಬೆಲ್ಟ್ 144959 ಈಗ ಹಸ್ಕ್‌ವರ್ನಾ ಕಂಪನಿಯ ಪಟ್ಟಿಯಲ್ಲಿ 532144959. ಅಂಗಡಿಯಲ್ಲಿ ಸಿಗುವ ಸಾದಾ ಬೆಲ್ಟಿನ ಮೇಲೆ 4ಎಲ್950 ಅಂತ ಇದ್ದರೆ ಅರ್ಧ ಇಂಚು ಅಗಲ, ಹೊರಸುತ್ತು 95 ಇಂಚು. ಎ93 ಅಂತ ಇದ್ದರೆ ಒಳಸುತ್ತು 93 ಇಂಚು, ಹೊರಗಿನಿಂದ ಅಳೆದರೆ ಅದೂ ಸುಮಾರು 95. ಅಳತೆ ಒಂದೇ ಆದರೂ ಕೆಲಸ ಒಂದೇ ಅಲ್ಲ. ಮೋವರಿನದ್ದು ಸಾಮಾನ್ಯವಾಗಿ ಕೆವ್ಲಾರ್ ಥರದ ಗಟ್ಟಿ ನೂಲಿನದು. ಬೆನ್ನಿನ ಕಡೆಗೂ ಬಾಗುವಂತೆ, ಜಾರಿ ಹಿಡಿಯುವಂತೆ ಮಾಡಿರುತ್ತಾರೆ. ಸಾದಾ ಬೆಲ್ಟ್ ಅದೇ ಜಾಗದಲ್ಲಿ ಬೇಗ ಸೋಲುತ್ತದೆ. ನಿಮ್ಮ ಹೊಸ ಬೆಲ್ಟ್ ಯಾವ ಥರದ್ದು ಅಂತ ಒಮ್ಮೆ ನೋಡಿ.

ಮತ್ತೆ ಜೋಡಿಸುವಾಗ ಪುಲ್ಲಿಗಳ ಸುತ್ತ ಇರುವ ಸಣ್ಣ ಕಂಬಿಗಳನ್ನು ಮರೆಯಬೇಡಿ. ಅವೇ ಬೆಲ್ಟ್ ಕಾಪುಗಳು. ಸಡಿಲವಾದ ಬೆಲ್ಟ್ ಪುಲ್ಲಿಯಿಂದ ಹಾರದಂತೆ ತಡೆಯುವುದು ಅವು. ಬೆಲ್ಟ್ ಅವುಗಳ ಒಳಗಿಂದ ಹೋಗಬೇಕು. ಹೊರಗಿಂದ ಹೋದರೆ ಮೊದಲ ಸಲ ಲಿವರ್ ಇಳಿಸಿದಾಗಲೇ ಕಳಚುತ್ತದೆ. ಕಾಪು ಬಾಗಿ ಬೆಲ್ಟಿಗೆ ಉಜ್ಜುತ್ತಿದ್ದರೆ ನೇರ ಮಾಡಿ. ಎಲ್ಲ ಆದ ಮೇಲೆ ಸೀಟಿನಲ್ಲಿ ಕೂತು ಬ್ಲೇಡ್ ಹಾಕಿ ತೆಗೆದು, ಸದ್ದು ನಿಲ್ಲಲು ಎಷ್ಟು ಹೊತ್ತು ಅಂತ ಕೇಳಿಸಿಕೊಳ್ಳಿ.

ಗಾಡಿ ಏರು ಹತ್ತುವುದಿಲ್ಲ ಅಂತಲೂ ಕೊನೆಯಲ್ಲಿ ಬರೆದಿದ್ದೀರಿ. ಅದು ಬೇರೆ ಬೆಲ್ಟ್. ಚಕ್ರ ಓಡಿಸುವ ಬೆಲ್ಟ್ ಎಂಜಿನ್ ಪುಲ್ಲಿಯ ಮೇಲಿನ ತೋಡಿನಿಂದ ಹಿಂದಿನ ಗೇರ್ ಪೆಟ್ಟಿಗೆಗೆ ಹೋಗುತ್ತದೆ. ಅದಕ್ಕೂ ಒಂದು ಐಡ್ಲರ್, ಒಂದು ಸ್ಪ್ರಿಂಗ್ ಇದೆ, ಪರೀಕ್ಷೆಯೂ ಅದೇ. ಆದರೆ ಈ ಸ್ಪ್ರಿಂಗ್ ಯಾವಾಗಲೂ ಎಳೆದುಕೊಂಡೇ ಇರುತ್ತದೆ, ಹಾಗಾಗಿ ಬಿಚ್ಚುವಾಗ ಜಾಸ್ತಿ ಎಚ್ಚರ. ಹೈಡ್ರೋಸ್ಟಾಟಿಕ್ (ಗೇರ್ ಬದಲು ಎಣ್ಣೆಯ ಒತ್ತಡದಿಂದ ಚಕ್ರ ಓಡಿಸುವ) ಗಾಡಿಯಾದರೆ ಹಿಂದಿನ ಪುಲ್ಲಿಯ ಮೇಲೆ ಪ್ಲಾಸ್ಟಿಕ್ ಫ್ಯಾನ್ ಇರುತ್ತದೆ. ಬೆಲ್ಟನ್ನು ಒಂದೊಂದೇ ರೆಕ್ಕೆ ದಾಟಿಸಿ ತೆಗೆಯಬೇಕು, ಜೋರು ಮಾಡಿದರೆ ರೆಕ್ಕೆ ಮುರಿಯುತ್ತದೆ. ಡೆಕ್ ಹೇಗೂ ಹೊರಗೆ ಬಂದಿರುತ್ತದೆ, ಎರಡೂ ಕೆಲಸ ಒಟ್ಟಿಗೇ ಮುಗಿಸಿ. ಮಾಡೆಲ್ ನಂಬರ್ ಮತ್ತು ಆ ತೆಳ್ಳನೆಯ ಸ್ಪ್ರಿಂಗಿನ ಫೋಟೊ ಹಾಕಿದರೆ ಅದು ಯಾವ ತೂತಿಗೆ ಹೋಗುತ್ತದೆ ಅಂತ ನೋಡಿ ಹೇಳುತ್ತೇನೆ.