ಪ್ರಿವ್ಯೂ ನೋಡಿ ಬಂದವರ ಮಾತನ್ನು ಎಷ್ಟು ನಂಬಬೇಕು?

ಓದುಗರ ಪತ್ರ: ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರಿಗೆ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಹಳೆಯ ಮ್ಯೂಸಿಕಲ್ ಒಂದರ ಹೊಸ ರಿವೈವಲ್ ತೋರಿಸುವ ಆಸೆ. ಪ್ರಿವ್ಯೂ ಈಗಷ್ಟೇ ಶುರುವಾಗಿದೆ. ನೋಡಿ ಬಂದವರಲ್ಲಿ ಅರ್ಧ ಜನ ‘ಇಂಥದ್ದು ಬಂದೇ ಇಲ್ಲ’ ಎನ್ನುತ್ತಾರೆ, ಉಳಿದವರು ‘ಕೆಡಿಸಿಟ್ಟಿದ್ದಾರೆ’ ಎನ್ನುತ್ತಾರೆ. ವಿಮರ್ಶೆ ಬರುವವರೆಗೆ ಕಾಯಿ ಅಂತ ಸ್ನೇಹಿತರ ಸಲಹೆ. ಅಷ್ಟರಲ್ಲಿ ಟಿಕೆಟ್ ಬೆಲೆ ಏರಿಬಿಟ್ಟರೆ? ಯಾರ ಮಾತು ಕೇಳಲಿ?

ಸಂಪಾದಕರ ಉತ್ತರ:

ಯಾವ ಮ್ಯೂಸಿಕಲ್ ಎಂದು ತಾವು ಬರೆದಿಲ್ಲ. ಒಳ್ಳೆಯದೇ ಆಯಿತು. ಹೆಸರು ಗೊತ್ತಾಗಿದ್ದರೆ ನಾವೂ ಆ ಎರಡು ಬಣಗಳಲ್ಲಿ ಒಂದಕ್ಕೆ ಸೇರಿಬಿಡುತ್ತಿದ್ದೆವೇನೋ. ಎರಡೂ ಕಡೆಯವರು ನೋಡಿದ್ದನ್ನೇ ಹೇಳುತ್ತಿದ್ದಾರೆ ಎಂದು ಸದ್ಯಕ್ಕೆ ಒಪ್ಪಿಕೊಳ್ಳೋಣ. ತಾವು ವಿಚಾರಿಸಬೇಕಾದ್ದು ಒಂದೇ: ಅವರು ದೂರುತ್ತಿರುವ ಸಂಗತಿ ಓಪನಿಂಗ್‌ನೊಳಗೆ (ಅಧಿಕೃತ ಮೊದಲ ಪ್ರದರ್ಶನದೊಳಗೆ) ಸರಿಹೋಗುವಂಥದ್ದೋ, ಕೊನೆಯ ಪ್ರದರ್ಶನದವರೆಗೂ ಹಾಗೆಯೇ ಉಳಿಯುವಂಥದ್ದೋ?

ಪ್ರಿವ್ಯೂ ಎಂದರೆ ಪ್ರೇಕ್ಷಕರು ಹಣ ಕೊಟ್ಟು ನೋಡುವ, ಇನ್ನೂ ತಿದ್ದುಪಡಿ ನಡೆಯುತ್ತಿರುವ ಪ್ರದರ್ಶನ. ಮ್ಯೂಸಿಕಲ್‌ಗೆ ಸಾಮಾನ್ಯವಾಗಿ ಮೂರು ನಾಲ್ಕು ವಾರ ಇದು ನಡೆಯುತ್ತದೆ. ‘ಸನ್‌ಸೆಟ್ ಬೊಲೆವಾರ್ಡ್’ 2024ರ ಸೆಪ್ಟೆಂಬರ್ 28ರಂದು ಪ್ರಿವ್ಯೂ ಶುರುಮಾಡಿ ಅಕ್ಟೋಬರ್ 20ರಂದು ಓಪನ್ ಆಯಿತು. ಅದೇ ವರ್ಷ ‘ಜಿಪ್ಸಿ’ ನವೆಂಬರ್ 21ರಿಂದ ಡಿಸೆಂಬರ್ 19ರವರೆಗೆ ಸಮಯ ತೆಗೆದುಕೊಂಡಿತು. ಈ ದಿನಗಳಲ್ಲಿ ಮಧ್ಯಾಹ್ನ ತಾಲೀಮು, ರಾತ್ರಿ ಪ್ರದರ್ಶನ. ಹಿಂದಿನ ರಾತ್ರಿ ಗುರುತುಹಾಕಿಕೊಂಡ ತಪ್ಪುಗಳನ್ನು ಮರುದಿನ ತಿದ್ದುತ್ತಾರೆ. ಓಪನಿಂಗ್‌ಗೆ ಕೆಲವು ದಿನ ಇರುವಾಗ ‘ಫ್ರೀಜ್’ ಮಾಡುತ್ತಾರೆ, ಅಲ್ಲಿಂದಾಚೆ ಏನನ್ನೂ ಮುಟ್ಟುವಂತಿಲ್ಲ. ವಿಮರ್ಶಕರನ್ನು ಕರೆಯುವುದು ಆಮೇಲೆ, ಕೊನೆಯ ಕೆಲವು ಪ್ರಿವ್ಯೂಗಳಿಗೆ. ಅವರು ಬರೆದದ್ದು ಹೊರಬೀಳುವುದು ಓಪನಿಂಗ್ ರಾತ್ರಿ. ಹಾಗಾಗಿ ಮೊದಲ ವಾರ ಹೋದ ಅಭಿಮಾನಿಯೂ ವಿಮರ್ಶಕರೂ ನೋಡುವುದು ಪೂರ್ತಿ ಒಂದೇ ಪ್ರದರ್ಶನವನ್ನಲ್ಲ. ಅಭಿಪ್ರಾಯ ಓದುವ ಮೊದಲು ಅದು ಯಾವ ತಾರೀಕಿನ ಪ್ರದರ್ಶನದ್ದು ಎಂದು ನೋಡಿ. ತಾರೀಕಿಲ್ಲದ ಅಭಿಪ್ರಾಯವನ್ನು ಪಕ್ಕಕ್ಕಿಡಿ.

ಮೊದಲ ಪ್ರಿವ್ಯೂನ ಚಪ್ಪಾಳೆಗೂ ಹೆಚ್ಚು ಬೆಲೆ ಕೊಡಬೇಡಿ. ಟಿಕೆಟ್ ಬಿಟ್ಟ ದಿನವೇ ಕೊಂಡವರು, ನಾಯಕಿಯ ಹಾಡಿಗೆ ವರ್ಷಗಟ್ಟಲೆ ಕಾದವರು ಆ ರಾತ್ರಿ ತುಂಬಿರುತ್ತಾರೆ. ಆಕೆ ಬಾಯಿ ತೆರೆಯುವ ಮೊದಲೇ, ರಂಗಕ್ಕೆ ಕಾಲಿಟ್ಟ ಕೂಡಲೇ ಕರತಾಡನ. ನಮ್ಮ ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದುದಾದರೂ ಹಾಡು ಮುಗಿದ ಮೇಲೆ!

ಈಗ ಸರಿಹೋಗುವ ದೋಷಗಳು. ಮೊದಲ ವಾರದ ದೊಡ್ಡ ದೂರು ಸಾಮಾನ್ಯವಾಗಿ ಧ್ವನಿಯದು: ಗುಂಪಿನ ಹಾಡಿನಲ್ಲಿ ಮಾತು ಕೇಳಿಸಲಿಲ್ಲ, ವಾದ್ಯ ಕಂಠವನ್ನು ಮುಚ್ಚಿತು. ಇದಕ್ಕೆ ಕಾರಣವಿದೆ. ಮೈಕ್ ಮಟ್ಟಗಳನ್ನು ಹೊಂದಿಸಿರುವುದು ಖಾಲಿ ರಂಗಮಂದಿರದಲ್ಲಿ. ಸಾವಿರಕ್ಕೂ ಮೇಲ್ಪಟ್ಟು ಜನ ಕೋಟು ಹೊದ್ದು ಬಂದು ಕೂತರೆ ಅವರ ಮೈಯೂ ಬಟ್ಟೆಯೂ ಶಬ್ದವನ್ನು ಹೀರಿಕೊಳ್ಳುತ್ತವೆ, ಆ ಮಂದಿರದ ನಾದವೇ ಬೇರೆಯಾಗುತ್ತದೆ. ಧ್ವನಿ ನಿರ್ವಾಹಕರು ಹಾಡಿನ ಸಾಲುಸಾಲಿಗೂ ಒಬ್ಬೊಬ್ಬರ ಮೈಕನ್ನು ಏರಿಸಿ ಇಳಿಸಬೇಕು. ತುಂಬಿದ ಮಂದಿರದಲ್ಲಿ ಅದು ಕೈಗೆ ಹತ್ತಲು ಹಲವು ರಾತ್ರಿಗಳೇ ಬೇಕು. ದೃಶ್ಯ ಬದಲಾಗುವಾಗಿನ ತಡ, ತಡವಾಗಿ ಬೀಳುವ ಬೆಳಕು, ಯಂತ್ರದ ಸಜ್ಜಿಕೆ ಸಿಕ್ಕಿಕೊಂಡು ಪ್ರದರ್ಶನವನ್ನು ಐದು ನಿಮಿಷ ನಿಲ್ಲಿಸಿದ್ದು, ಹಾಡಿನ ಲಯ ಎಳೆದಂತಾದದ್ದು, ಮಾತು ಮರೆತದ್ದು, ಮೊದಲ ಅಂಕ ಲಂಬಿಸಿದ್ದು, ಇವೆಲ್ಲ ಇದೇ ಗುಂಪಿನವು. ಇಂಥ ದೂರು ಮೂರನೆಯ ವಾರದಲ್ಲೂ ಕೇಳಿಬಂದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಸರಿಹೋಗದವು ಬೇರೆ. ನಿರ್ದೇಶಕರ ಮೂಲ ಕಲ್ಪನೆ, ಪಾತ್ರಗಳಿಗೆ ಆರಿಸಿದ ನಟರು, ರಂಗಸಜ್ಜಿಕೆ, ವಾದ್ಯಗಾರರ ಸಂಖ್ಯೆ, ಮಂದಿರ. ಹೊಸ ಮ್ಯೂಸಿಕಲ್ ಆದರೆ ಪ್ರಿವ್ಯೂನಲ್ಲಿ ಒಂದು ಹಾಡನ್ನೇ ತೆಗೆದು ಇನ್ನೊಂದು ಬರೆಯಬಹುದು. ರಿವೈವಲ್‌ನಲ್ಲಿ ಪಠ್ಯ ಮೂಲ ಲೇಖಕರದ್ದು ಅಥವಾ ಅವರ ವಾರಸುದಾರರದ್ದು. ಬದಲಾವಣೆಗೆ ಅವರ ಅನುಮತಿ ಬೇಕು, ಆ ಮಾತುಕತೆ ತಾಲೀಮಿಗೂ ಮೊದಲೇ ಮುಗಿದಿರುತ್ತದೆ. ಈವೋ ವಾನ್ ಹೋವ ನಿರ್ದೇಶಿಸಿದ ‘ವೆಸ್ಟ್ ಸೈಡ್ ಸ್ಟೋರಿ’ 2019ರ ಡಿಸೆಂಬರ್ 10ರಂದು ಪ್ರಿವ್ಯೂ ಆರಂಭಿಸಿದಾಗ ‘ಐ ಫೀಲ್ ಪ್ರೆಟಿ’ ಹಾಡನ್ನು ಕೈಬಿಟ್ಟಿತ್ತು, ಮಧ್ಯಂತರವೂ ಇರಲಿಲ್ಲ, ಹಿಂಬದಿಗೆ ಬೃಹತ್ ವಿಡಿಯೋ ಪರದೆ ಇತ್ತು. ನಾಯಕನಟನ ಮೊಣಕಾಲಿಗೆ ಪೆಟ್ಟಾಗಿ ಓಪನಿಂಗ್ ಎರಡು ವಾರ ಮುಂದೆ ಹೋಗಿ 2020ರ ಫೆಬ್ರವರಿ 20ಕ್ಕೆ ನಡೆಯಿತು. ಹತ್ತು ವಾರ ಸಿಕ್ಕರೂ ಆ ಮೂರರಲ್ಲಿ ಒಂದೂ ಬದಲಾಗಲಿಲ್ಲ. ಪರದೆಯೇ ಬೇಡ ಎಂದು ಡಿಸೆಂಬರ್‌ನಲ್ಲಿ ಬರೆದವರ ಮಾತು ಫೆಬ್ರವರಿಯ ಪ್ರೇಕ್ಷಕರಿಗೂ ಅಷ್ಟೇ ಉಪಯೋಗಕ್ಕೆ ಬರುವಂತಿತ್ತು.

ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ ‘ಮೆರಿಲಿ ವಿ ರೋಲ್ ಅಲಾಂಗ್’. ಸ್ಟೀಫನ್ ಸಾಂಡ್‌ಹೈಮ್ ಸಂಗೀತ, ಜಾರ್ಜ್ ಫರ್ತ್ ಪಠ್ಯ, ಹೆರಾಲ್ಡ್ ಪ್ರಿನ್ಸ್ ನಿರ್ದೇಶನ, 1981. ಕಥೆ ಹಿಂದುಮುಂದಾಗಿ ಸಾಗುತ್ತದೆ: ನಡುವಯಸ್ಸಿನ ಕಹಿಯಿಂದ ಹೊರಟು ಯೌವನದ ಕನಸಿಗೆ ಬಂದು ಮುಗಿಯುತ್ತದೆ. ಪಾತ್ರ ವಹಿಸಿದವರು ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಪ್ರಿವ್ಯೂಗಳಲ್ಲಿ ಪ್ರೇಕ್ಷಕರು ಎದ್ದು ಹೋಗತೊಡಗಿದರು, ಯಾರು ಯಾರೆಂದು ತಿಳಿಯುತ್ತಿಲ್ಲ ಎಂಬ ದೂರು ಎದ್ದಿತು. ತಂಡ ಸುಮ್ಮನಿರಲಿಲ್ಲ. ನಾಯಕನಟನನ್ನು ಬದಲಿಸಿದರು, ನೃತ್ಯ ನಿರ್ದೇಶಕರನ್ನು ಬದಲಿಸಿದರು, ವೇಷಭೂಷಣ ಬಿಸಾಡಿ ಪಾತ್ರದ ಗುರುತು ಅಚ್ಚುಹಾಕಿದ ಸ್ವೆಟ್‌ಶರ್ಟ್ ತೊಡಿಸಿದರು, ಓಪನಿಂಗ್ ಮುಂದೂಡಿದರು. ಮುಟ್ಟಲಾಗದೆ ಉಳಿದದ್ದು ಎಳೆಯರೇ ನಡುವಯಸ್ಕರಾಗಿ ಕಾಣಿಸಿಕೊಳ್ಳಬೇಕೆಂಬ ಮೂಲ ಕಲ್ಪನೆ. ನವೆಂಬರ್ 16ರಂದು ಓಪನ್ ಆಗಿ 16 ಪ್ರದರ್ಶನಗಳಿಗೇ ಮುಚ್ಚಿತು. ಮುಂದೆ ಲೇಖಕರು ಪಠ್ಯವನ್ನೂ ಹಾಡುಗಳನ್ನೂ ತಿದ್ದಿದರು. 2012ರಲ್ಲಿ ಲಂಡನ್ನಿನ ಪುಟ್ಟ ಮೆನಿಯರ್ ಚಾಕೊಲೇಟ್ ಫ್ಯಾಕ್ಟರಿಯಲ್ಲಿ ಮರಿಯಾ ಫ್ರೀಡ್‌ಮನ್ ಕೈಗೆತ್ತಿಕೊಂಡ ಪ್ರಯೋಗ ನ್ಯೂಯಾರ್ಕ್ ಥಿಯೇಟರ್ ವರ್ಕ್‌ಶಾಪ್ ದಾಟಿ 2023ರಲ್ಲಿ ಹಡ್ಸನ್ ಥಿಯೇಟರಿಗೆ ಬಂತು. ಜೊನಾಥನ್ ಗ್ರಾಫ್, ಡೇನಿಯಲ್ ರ‍್ಯಾಡ್‌ಕ್ಲಿಫ್, ಲಿಂಡ್ಸೆ ಮೆಂಡೆಜ್ ಮೂವರೂ ಬದುಕು ಕಂಡ ವಯಸ್ಸಿನವರು. ಕಥೆ ಆಗಲೂ ಹಿಂದಕ್ಕೇ ಸಾಗಿತು, ಯಾರೂ ಗೊಂದಲಪಡಲಿಲ್ಲ. ಅತ್ಯುತ್ತಮ ರಿವೈವಲ್ ಸೇರಿ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿ ನಾಲ್ಕು ಬಂತು. 1981ರ ಧ್ವನಿಮುದ್ರಿಕೆ ಕೇಳಿ ಬೆಳೆದ ಕೆಲವರಿಗೆ ಮಾತ್ರ ಅದರಲ್ಲಿದ್ದ ಹಾಡುಗಳು ಮಾಯವಾದದ್ದು ಇವತ್ತಿಗೂ ಕೊರಗು.

ಹಳೆಯ ಅಭಿಮಾನಿ ತಲೆಯಲ್ಲಿ ಯಾವ ಧ್ವನಿಮುದ್ರಿಕೆ ಹೊತ್ತು ಹೋಗಿದ್ದಾನೆ ಎಂಬುದು ಅಷ್ಟು ಮುಖ್ಯ. ‘ಜಿಪ್ಸಿ’ಯ ರೋಸ್ ಪಾತ್ರವನ್ನು 1959ರಲ್ಲಿ ಎತಲ್ ಮರ್ಮನ್ ಕಂಚಿನ ಕಂಠದಲ್ಲಿ, ಎದೆದುಂಬಿ ಹಾಡಿದ್ದರು. ಆಮೇಲೆ ಬಂದವರನ್ನೆಲ್ಲ ಅಳೆದದ್ದು ಆ ಗಂಟಲಿನಿಂದ. 2024ರಲ್ಲಿ ಆಡ್ರಾ ಮ್ಯಾಕ್‌ಡೊನಾಲ್ಡ್ ಬಂದಾಗ ವಾದವೆದ್ದದ್ದು ಇಲ್ಲೇ. ಆಕೆ ಶಾಸ್ತ್ರೀಯವಾಗಿ ಪಳಗಿದ ಸೊಪ್ರಾನೋ (ಎತ್ತರದ ಸ್ಥಾಯಿಯ ಸ್ತ್ರೀಕಂಠ), ನಟನೆಗೆ ಆರು ಟೋನಿ ಪಡೆದವರು. ತಾರಸ್ಥಾಯಿಯಲ್ಲಿ ದನಿ ತೆಳುವಾಗಿ ಮೇಲೇರುವುದು ಕೆಲವರಿಗೆ ಪಾತ್ರದ ಒಡಕನ್ನೇ ತೋರಿಸಿದಂತಿತ್ತು, ಇನ್ನು ಕೆಲವರಿಗೆ ಖಾರ ಕಡಿಮೆಯಾದಂತಿತ್ತು. ಪ್ರಿವ್ಯೂ ನಾಲ್ಕು ವಾರ ನಡೆದರೇನು, ಗಾಯಕಿಯ ಕಂಠದ ಗುಣ ಬದಲಾದೀತೆ? ಅಪ್ಪ ಅಮ್ಮನಿಗೆ ಆ ಹಳೆಯ ಧ್ವನಿಮುದ್ರಿಕೆಯ ನೆನಪೇ ಇಲ್ಲದಿದ್ದರೆ ಈ ಜಗಳ ತಮಗೆ ಸಂಬಂಧಿಸಿದ್ದೇ ಅಲ್ಲ.

ಅಭಿಮಾನಿಗಳ ಮಾತಿನಲ್ಲಿ ನಾವು ಕಣ್ಣುಮುಚ್ಚಿ ನಂಬುವುದು ವಾದ್ಯಮೇಳದ ಲೆಕ್ಕ. ಪ್ರೇಕ್ಷಕರಿಗೆ ಹಂಚುವ ಪ್ಲೇಬಿಲ್ ಪುಸ್ತಿಕೆಯಲ್ಲಿ ವಾದ್ಯಗಾರರ ಪಟ್ಟಿ ಇರುತ್ತದೆ, ಅವರು ಒಬ್ಬೊಬ್ಬರನ್ನೂ ಎಣಿಸುತ್ತಾರೆ. ದೊಡ್ಡ ಮಂದಿರಗಳಲ್ಲಿ ಇಂತಿಷ್ಟು ವಾದ್ಯಗಾರರು ಇರಲೇಬೇಕೆಂದು ಅವರ ಸಂಘ ಲೋಕಲ್ 802ರ ಕರಾರು ಹೇಳುತ್ತದೆ. 2003ರ ಮಾರ್ಚ್‌ನಲ್ಲಿ ನಾಲ್ಕು ದಿನ ಮುಷ್ಕರ ನಡೆದು ಆ ಕನಿಷ್ಠ ಸಂಖ್ಯೆ 24–26ರಿಂದ 18–19ಕ್ಕೆ ಇಳಿಯಿತು. ‘ಸ್ವೀನಿ ಟಾಡ್’ನ ಎರಡು ರಿವೈವಲ್ ಹೋಲಿಸಿ: 2005ರಲ್ಲಿ ಜಾನ್ ಡಾಯ್ಲ್ ನಟರ ಕೈಗೇ ವಾದ್ಯ ಕೊಟ್ಟು ಹತ್ತೇ ಜನರಲ್ಲಿ ಮುಗಿಸಿದರು. 2023ರಲ್ಲಿ ಜೊನಾಥನ್ ಟ್ಯೂನಿಕ್‌ರ ಮೂಲ ವಾದ್ಯ ಸಂಯೋಜನೆ 26 ಜನರ ಮೇಳದೊಂದಿಗೆ ಮರಳಿತು. ಎರಡಕ್ಕೂ ಮೆಚ್ಚಿದವರಿದ್ದಾರೆ. ಆದರೆ ತುಂಬುಮೇಳ ಬೇಕೆಂದು ಹೋಗುವವರಿಗೆ ಆ ಸಂಖ್ಯೆಯೇ ಉತ್ತರ.

ಲಂಡನ್ನಿನಿಂದ ಬಂದದ್ದೋ ಎಂದೂ ವಿಚಾರಿಸಿ. ಅಂಥವು ಅಲ್ಲಿ ತಿಂಗಳುಗಟ್ಟಲೆ ಓಡಿ ಗಟ್ಟಿಯಾಗಿರುತ್ತವೆ, ಪ್ರಿವ್ಯೂನಲ್ಲಿ ಹೆಚ್ಚೇನೂ ಬದಲಾಗದು. ಅಲ್ಲಿನ ಪ್ರಶಸ್ತಿ ಇಲ್ಲಿಗೆ ಖಾತರಿಯೂ ಅಲ್ಲ. ‘ಕ್ಯಾಬರೆ’ 2022ರಲ್ಲಿ ಲಂಡನ್ನಿನ ಆಲಿವಿಯರ್ ಪ್ರಶಸ್ತಿ ಏಳು ಗೆದ್ದು 2024ರಲ್ಲಿ ನ್ಯೂಯಾರ್ಕಿಗೆ ಬಂದಾಗ ವಿಮರ್ಶೆ ಮಿಶ್ರವಾಗಿತ್ತು. ಏಳೇ ಆಲಿವಿಯರ್ ಗೆದ್ದ ‘ಸನ್‌ಸೆಟ್’ಗೆ ಇಲ್ಲೂ ಅತ್ಯುತ್ತಮ ರಿವೈವಲ್ ಟೋನಿ ಸಿಕ್ಕಿತು. ನ್ಯೂಯಾರ್ಕಿನ ಸಿಟಿ ಸೆಂಟರ್ ಹಳೆಯ ಮ್ಯೂಸಿಕಲ್‌ಗಳನ್ನು ಕಛೇರಿಯ ರೂಪದಲ್ಲಿ ತರುವ ‘ಎನ್‌ಕೋರ್ಸ್’ ಸರಣಿಯಿಂದ ಬಂದವೂ ಪ್ರಿವ್ಯೂನಲ್ಲಿ ಹೆಚ್ಚು ಬದಲಾಗವು. ‘ಸೆಟ್ಟೇ ಇಲ್ಲ, ಕಛೇರಿಯಂತಿದೆ’ ಎಂದು ಯಾರಾದರೂ ಬರೆದಿದ್ದರೆ ಅದು ಹಾಗೆಯೇ ಇರುತ್ತದೆ. 1996ರಲ್ಲಿ ಅಲ್ಲಿಂದ ಬಂದ ‘ಷಿಕಾಗೊ’ ಹೆಚ್ಚುಕಮ್ಮಿ ಬರಿದಾದ ರಂಗದಲ್ಲಿ, ಮೇಳವನ್ನು ನಡುವೆ ಕೂರಿಸಿಕೊಂಡು, ಈಗಲೂ ಓಡುತ್ತಿದೆ.

ಟಿಕೆಟ್ ವಿಚಾರದಲ್ಲಿ ತಮ್ಮ ಸ್ನೇಹಿತರ ಸಲಹೆಯನ್ನು ನಾವು ಒಪ್ಪುವುದಿಲ್ಲ. ಬದಲಾಗದ ಸಂಗತಿಗಳು ತಮಗೆ ಹಿಡಿಸಿದರೆ ಪ್ರಿವ್ಯೂನ ಮೂರನೆಯ ವಾರಕ್ಕೆ ಈಗಲೇ ಕೊಳ್ಳಿ. ಆ ಹೊತ್ತಿಗೆ ದೋಷಗಳನ್ನು ಬಹುಪಾಲು ತಿದ್ದಿರುತ್ತಾರೆ, ಹೊಗಳಿಕೆಯ ವಿಮರ್ಶೆ ಬಂದು ಬೆಲೆ ಏರುವ ಮೊದಲೇ ನೋಡಿದಂತಾಗುತ್ತದೆ. ಅನುಮಾನವಿದ್ದರೆ ಬ್ರಾಡ್‌ವೇ ಲೀಗ್ ವಾರಕ್ಕೊಮ್ಮೆ ಪ್ರಕಟಿಸುವ ಗಳಿಕೆಯ ಅಂಕಿ ನೋಡಿ. ಆಸನ ಭರ್ತಿಯ ಪ್ರಮಾಣ ಮೇಲಿದ್ದು ಸರಾಸರಿ ಟಿಕೆಟ್ ಬೆಲೆ ಇಳಿಯುತ್ತಿದ್ದರೆ ರಿಯಾಯಿತಿಯಲ್ಲಿ ತುಂಬಿಸುತ್ತಿದ್ದಾರೆ ಎಂದರ್ಥ. ಆಗ ಕಾದರೆ ಲಾಭ, ಡಫಿ ಸ್ಕ್ವೇರ್‌ನಲ್ಲಿ ರಿಯಾಯಿತಿ ಟಿಕೆಟ್ ಮಾರುವ ಟಿಕೆಟಿಎಸ್ (TKTS) ಕೌಂಟರಿನಲ್ಲೇ ಸಿಕ್ಕೀತು. ರಂಗಮಂದಿರದ ಬಾಕ್ಸ್ ಆಫೀಸಿಗೆ ಹೋಗಿ ಕೊಂಡರೆ ಆನ್‌ಲೈನ್ ಸೇವಾಶುಲ್ಕ ಉಳಿಯುತ್ತದೆ. ಲಾಟರಿ ಟಿಕೆಟ್, ಪ್ರದರ್ಶನದ ದಿನವೇ ಮಾರುವ ರಷ್ ಟಿಕೆಟ್‌ಗಳು ಅಗ್ಗ ನಿಜ, ಆದರೆ ಮೂವರಿಗೆ ಒಟ್ಟಿಗೆ ಸೀಟು ಸಿಗುವುದನ್ನು ನೆಚ್ಚಿಕೊಳ್ಳಲಾಗದು.

ತಾರೆಗಾಗಿಯೇ ಹೋಗುವುದಾದರೆ ಪೋಸ್ಟರಿನಲ್ಲಿ ಆಕೆಯ ಹೆಸರು ಎಲ್ಲಿದೆ ನೋಡಿಕೊಳ್ಳಿ. ಮ್ಯೂಸಿಕಲ್‌ನ ಹೆಸರಿಗಿಂತ ಮೇಲಿದ್ದು ಆ ದಿನ ಬಾರದಿದ್ದರೆ, ಸಾಮಾನ್ಯವಾಗಿ ಹಣ ವಾಪಸ್ ಅಥವಾ ಬೇರೆ ದಿನದ ಟಿಕೆಟ್ ಕೇಳಬಹುದು. ಕೆಳಗಿದ್ದರೆ ಆ ಸೌಲಭ್ಯವಿಲ್ಲ. ಪರದೆ ಏಳುವ ಮೊದಲೇ ಕೇಳಬೇಕು, ಅರ್ಧ ನೋಡಿ ಎದ್ದುಬಂದರೆ ಆಗದು. ಮರುಮಾರಾಟಗಾರರಿಂದ ಕೊಂಡಿದ್ದರೆ ಅವರ ನಿಯಮವೇ ಬೇರೆ. ಕೆಲವು ರಿವೈವಲ್‌ಗಳಲ್ಲಿ ವಾರದ ಇಂಥ ಪ್ರದರ್ಶನಕ್ಕೆ ಬೇರೆ ನಟಿ ಎಂದು ಮೊದಲೇ ಪ್ರಕಟಿಸಿರುತ್ತಾರೆ, ‘ಸನ್‌ಸೆಟ್’ನಲ್ಲಿ ನಿಕೋಲ್ ಶೆರ್ಜಿಂಗರ್ ಬದಲು ಮ್ಯಾಂಡಿ ಗೊನ್ಸಾಲೆಸ್ ಹೀಗೆ ಬರುತ್ತಿದ್ದರು. ಅಂಥದ್ದಕ್ಕೆ ಹಣ ವಾಪಸಿಲ್ಲ. ಬದಲಿ ನಟರನ್ನು ಕಂಡರೆ ಮುಖ ಸಿಂಡರಿಸಬೇಕಿಲ್ಲ, ಆದರೆ ಅಭಿಪ್ರಾಯ ಬರೆದವರು ನೋಡಿದ್ದು ಯಾರನ್ನು ಎಂಬುದು ತಮಗೆ ಗೊತ್ತಿರಬೇಕು.

ಕೊನೆಯದಾಗಿ ಸೀಟು. ಇಡೀ ರಂಗವಿನ್ಯಾಸ, ಅದರಲ್ಲೂ ದೊಡ್ಡ ವಿಡಿಯೋ ಪರದೆ ಇರುವ ಪ್ರಯೋಗ, ಮೇಲಂತಸ್ತಾದ ಮೆಜನೀನ್‌ನ ನಡುವಿನ ಮುಂಸಾಲುಗಳಿಂದ ಚೆನ್ನಾಗಿ ಕಾಣುತ್ತದೆ. ಆದರೆ ಹಳೆಯ ಮಂದಿರಗಳಲ್ಲಿ ಹೆಚ್ಚಿನವಕ್ಕೆ ಲಿಫ್ಟ್ ಇಲ್ಲ, ಶೌಚಾಲಯಕ್ಕೂ ಎಷ್ಟೋ ಕಡೆ ಮೆಟ್ಟಿಲಿಳಿಯಬೇಕು. ಅಪ್ಪ ಅಮ್ಮನಿಗೆ ಮೊಣಕಾಲು ನೋವಿದ್ದರೆ ನೆಲಮಟ್ಟದ ಆರ್ಕೆಸ್ಟ್ರಾ ವಿಭಾಗದಲ್ಲೇ ನಡುವಿನ ಸಾಲುಗಳನ್ನು ಹಿಡಿಯಿರಿ. ತೀರಾ ಹಿಂದೆ ಬೇಡ. ಮೇಲಿನ ಮೆಜನೀನ್‌ನ ಚಾಚು ರಂಗದ ಮೇಲ್ಭಾಗವನ್ನು ಮರೆಮಾಡುತ್ತದೆ, ಧ್ವನಿಯೂ ಅಲ್ಲಿ ಮಂಕು. ಸಂಜೆಯ ಬದಲು ಬುಧವಾರದ್ದೋ ಶನಿವಾರದ್ದೋ ಮ್ಯಾಟಿನಿ ಆರಿಸಿದರೆ ಪೆನ್ ಸ್ಟೇಷನ್‌ನಲ್ಲಿ ರಾತ್ರಿ ರೈಲಿಗೆ ಓಡುವುದೂ ತಪ್ಪುತ್ತದೆ. ಪ್ರಿವ್ಯೂನ ಮೊದಲ ವಾರದಲ್ಲಿ ಕೆಲವರು ಮ್ಯಾಟಿನಿ ಇಡುವುದಿಲ್ಲ, ವೇಳಾಪಟ್ಟಿ ನೋಡಿಯೇ ಹೊರಡಿ.