ನನ್ನ ಲಾಗಿನ್‌ನಲ್ಲಿ ಬೇರೆಯವರು ರಿಟರ್ನ್ ಬಿಲ್ ಹಾಕುತ್ತಿದ್ದಾರೆಂಬ ಅನುಮಾನ ಬಂದರೆ ಕ್ಯಾಷಿಯರ್ ಏನು ಮಾಡಬೇಕು?

ಕಲಬುರಗಿಯ ಬಟ್ಟೆ ಅಂಗಡಿಯೊಂದರಲ್ಲಿ ಕ್ಯಾಷಿಯರ್ ಆಗಿರುವ ನೀವು, ನೀವು ಮಾಡದ ರಿಟರ್ನ್ ಬಿಲ್‌ಗಳು ನಿಮ್ಮ ಲಾಗಿನ್‌ನಲ್ಲಿ ಕಾಣುತ್ತಿವೆ, ಮೇಲ್ವಿಚಾರಕರ ಮೇಲೆ ಅನುಮಾನವಿದೆ, ಹೇಳಿದರೆ ಕೆಲಸ ಹೋದೀತು, ಸುಮ್ಮನಿದ್ದರೆ ಕೊರತೆ ಸಂಬಳದಲ್ಲಿ ಮುರಿದುಕೊಂಡಾರು ಎಂದು ಬರೆದಿದ್ದೀರಿ. ಇದೇ ಊರಿನ ಅಂಗಡಿಗಳ ಲೆಕ್ಕ ನೋಡುವುದು ನನ್ನ ಕೆಲಸವಾದ್ದರಿಂದ ಉತ್ತರಿಸುತ್ತಿದ್ದೇನೆ.

ಈ ವಂಚನೆ ಗಲ್ಲಾ ಎಣಿಸಿದರೆ ಸಿಗುವುದಿಲ್ಲ. ಗಿರಾಕಿ ನಗದು ಕೊಟ್ಟು ಸೀರೆ ಒಯ್ದ ಮೇಲೆ ಯಾರೋ ಅದೇ ಬಿಲ್ಲನ್ನು ತೆರೆದು, ಮಾಲು ವಾಪಸ್ ಬಂತೆಂದು ದಾಖಲಿಸಿ, ಅಷ್ಟೇ ಹಣವನ್ನು ಗಲ್ಲಾದಿಂದ ತೆಗೆದರೆ, ರಾತ್ರಿಯ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗುತ್ತದೆ. ಕಂಪ್ಯೂಟರಿನಲ್ಲಿ ಇರುವ ಸೀರೆ ಕಪಾಟಿನಲ್ಲಿ ಇಲ್ಲವೆಂಬುದು ಸ್ಟಾಕ್ ಎಣಿಸಿದಾಗಲೇ ಬಯಲಾಗುವುದು. ಯುಪಿಐ ಮೂಲಕ ಬಂದ ಹಣವನ್ನು ಮರಳಿಸಿದರೆ ಅದರ ಗುರುತು ಬ್ಯಾಂಕಿನಲ್ಲಿ ಉಳಿಯುವುದರಿಂದ ಇಂಥವರ ಕಣ್ಣು ನಗದು ಬಿಲ್ಲುಗಳ ಮೇಲೆಯೇ ಇರುತ್ತದೆ. ಆದ್ದರಿಂದ ಅನುಮಾನದ ರಿಟರ್ನ್‌ಗಳಲ್ಲಿ ಮೂರು ಸಂಗತಿಗಳನ್ನು ನೋಡಿ: ಮೂಲ ಬಿಲ್ ನಗದಿನದೇ, ಗಿರಾಕಿಯ ಮೊಬೈಲ್ ಸಂಖ್ಯೆ ಅಥವಾ ಸಹಿ ಇದೆಯೇ, ವಾಪಸ್ ಬಂದ ಮಾಲು ನಿಜವಾಗಿಯೂ ಅಂಗಡಿಯಲ್ಲಿದೆಯೇ.

ಹೀಗಿದ್ದರೂ ಮೇಲ್ವಿಚಾರಕರೇ ಕಳ್ಳರು ಎಂದು ನೀವಾಗಿ ತೀರ್ಮಾನಿಸಬೇಡಿ, ಸಹೋದ್ಯೋಗಿಗಳ ಮುಂದೆ ಆಡಲೂ ಬೇಡಿ. ಅನುಮಾನಕ್ಕೂ ಆರೋಪಕ್ಕೂ ನಡುವೆ ಇರಬೇಕಾದ ಕಾಗದ ಇನ್ನೂ ನಿಮ್ಮ ಕೈಯಲ್ಲಿಲ್ಲ. ಮೊದಲು ಪಾಸ್‌ವರ್ಡ್ ಬದಲಿಸಿ. ಶರಣಬಸವೇಶ್ವರ ಜಾತ್ರೆ, ರಮಜಾನ್, ದೀಪಾವಳಿಯ ಗದ್ದಲದಲ್ಲಿ ಒಂದೇ ಪಾಸ್‌ವರ್ಡ್ ಇಡೀ ಕೌಂಟರಿಗೆ ಗೊತ್ತಿರುವುದು ನಮ್ಮ ಕಡೆಯ ಅಂಗಡಿಗಳಲ್ಲಿ ಮಾಮೂಲು, ಆದರೆ ದಾಖಲೆಯಲ್ಲಿ ಉಳಿಯುವುದು ನಿಮ್ಮ ಹೆಸರೊಂದೇ. ಗಲ್ಲಾ ಒಪ್ಪಿಸುವಾಗ ಮೊತ್ತ ಮತ್ತು ಸಮಯ ಬರೆದು, ಪಡೆದವರ ಸಹಿ ಹಾಕಿಸಿಕೊಳ್ಳಿ.

ಬಳಿಕ ಮಾಲೀಕರಿಗೇ ನೇರವಾಗಿ, ವಾಟ್ಸಾಪ್ ಅಥವಾ ಇಮೇಲ್ ಮೂಲಕ, ತಾರೀಖು ಉಳಿಯುವಂತೆ ಬರೆಯಿರಿ. ಒಕ್ಕಣೆ ಹೀಗಿದ್ದರೆ ಸಾಕು: “ಸಾಹುಕಾರರೇ, ನಿನ್ನೆ ರಾತ್ರಿ 9.40ಕ್ಕೆ ನನ್ನ ಲಾಗಿನ್‌ನಲ್ಲಿ ರೂ. 1,850ರ ರಿಟರ್ನ್ ದಾಖಲಾಗಿದೆ. ನಾನು 9.15ಕ್ಕೇ ಗಲ್ಲಾ ಒಪ್ಪಿಸಿ ಹೋಗಿದ್ದೆ. ಈ ಬಿಲ್ ನಾನು ಮಾಡಿದ್ದಲ್ಲ. ದಯವಿಟ್ಟು ಪರಿಶೀಲಿಸಿ, ಆ ಹೊತ್ತಿನ ಸಿಸಿಟಿವಿ ದೃಶ್ಯವನ್ನು ತೆಗೆದಿಡಿಸಿ.” ಯಾರ ಹೆಸರೂ ಇದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಸಿಸಿಟಿವಿಯ ಮಾತನ್ನು ಮಾತ್ರ ಬಿಡಬೇಡಿ. ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿ ಹಳೆಯದು ಅಳಿದುಹೋಗುತ್ತದೆ. ಬಿಲ್ ಸಂಖ್ಯೆ, ಸಮಯ, ಮೊತ್ತಗಳನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಆದರೆ ಗಿರಾಕಿಗಳ ಮೊಬೈಲ್ ಸಂಖ್ಯೆಗಳಿರುವ ಪಟ್ಟಿಯನ್ನು ಮನೆಗೆ ಒಯ್ಯಬೇಡಿ. ನಾಳೆ ಅದೇ ನಿಮ್ಮ ಮೇಲಿನ ದೂರಾದೀತು.

ಸಂಬಳ ಕಡಿತದ ವಿಷಯದಲ್ಲಿ ಕಾನೂನು ಮಾಲೀಕರಿಗೆ ಮನಬಂದಂತೆ ಮುರಿದುಕೊಳ್ಳುವ ಅಧಿಕಾರ ಕೊಟ್ಟಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿಯೂ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಇರುವ ನಿಯಮವೆಂದರೆ, ನೌಕರ ಲೆಕ್ಕ ಒಪ್ಪಿಸಬೇಕಾದ ಹಣ ನಷ್ಟವಾದರೆ, ಆ ನಷ್ಟ ನೇರವಾಗಿ ಅವನ ನಿರ್ಲಕ್ಷ್ಯದಿಂದ ಅಥವಾ ತಪ್ಪಿನಿಂದ ಆದದ್ದಾಗಿದ್ದರೆ ಮಾತ್ರ, ಅದೂ ಅವನಿಗೆ ಕಾರಣ ಹೇಳಲು ಅವಕಾಶ ಕೊಟ್ಟ ಮೇಲೆ ಕಡಿತ ಮಾಡಬಹುದು. ನೀವು ಮೊದಲೇ ಕಳಿಸಿದ ಆ ಸಂದೇಶ ಇಲ್ಲಿ ನಿಮ್ಮ ಪರವಾದ ಸಾಕ್ಷ್ಯವಾಗುತ್ತದೆ.

ವಿಚಾರಣೆಗೆ ಕರೆದರೆ ಹೋಗಿ, ಕಂಡದ್ದನ್ನಷ್ಟೇ ಹೇಳಿ. ಖಾಲಿ ಹಾಳೆಗೆ, ಅಥವಾ “ನನ್ನಿಂದಲೇ ಆಯಿತು, ತುಂಬಿಕೊಡುತ್ತೇನೆ” ಎಂದು ಅವರೇ ಬರೆದು ತಂದ ಹಾಳೆಗೆ, ಎಷ್ಟೇ ಒತ್ತಾಯವಿದ್ದರೂ ಸಹಿ ಹಾಕಬೇಡಿ, ಏಕೆಂದರೆ ನೌಕರನಿಂದಾದ ನಂಬಿಕೆದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದವರೆಗೆ ಸಜೆ ಇದೆ. ಹಾಗೇನಾದರೂ ಬೆದರಿಸಿದರೆ, ಅಥವಾ ಕಾರಣ ಕೇಳದೆ ಸಂಬಳ ಹಿಡಿದರೆ, ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಬರಹದಲ್ಲಿ ದೂರು ಕೊಡಬಹುದು. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಅದರ ಉಚಿತ ನೆರವಿಗೆ ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಅರ್ಹರು. ಸಹಾಯವಾಣಿ ಸಂಖ್ಯೆ 15100.