ನಾಯಿ ಡ್ಯೂಟಿಯಲ್ಲಿದೆ, ಪ್ರಶ್ನೆ ನನ್ನನ್ನ ಕೇಳಿ

ಹೋದ ಸಂಚಿಕೇಲಿ ನ್ಯೂಜೆರ್ಸಿಯಲ್ಲಿ ಗೈಡ್ ಡಾಗ್, ಅಂದ್ರೆ ಕಣ್ಣು ಕಾಣದವರನ್ನ ನಡೆಸೋಕೆ ತರಬೇತಿ ಆದ ನಾಯಿ, ಹಿಡ್ಕೊಂಡು ಓಡಾಡೋ ವಿಷಯ ನಾಲ್ಕು ಸಾಲು ಬರೆದಿದ್ದೆ ಅಷ್ಟೆ, ಇಷ್ಟೊಂದು ಪ್ರಶ್ನೆ ಬರುತ್ತೆ ಅಂದ್ಕೊಂಡಿರ್ಲಿಲ್ಲ. ನನ್ನ ಪರಿಚಯ ಇಲ್ಲದವರಿಗೆ ಹೇಳ್ಬಿಡ್ತೀನಿ, ಊರು ಸಾಗರ, ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನೋ ಕಾಯಿಲೆಯಿಂದ ಮೂವತ್ತು ದಾಟೋ ಹೊತ್ತಿಗೆ ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಯ್ತು, ಈಗಿರೋದು ಎರಡನೇ ನಾಯಿ. ನಿಮ್ಮ ಪತ್ರಗಳನ್ನ ನನ್ನ ಫೋನು ಓದಿ ಹೇಳುತ್ತೆ. "ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು" ಅನ್ನೋದನ್ನೂ ಅದು ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಥರಾನೇ ಓದುತ್ತೆ, ಆದ್ರೂ ಎಲ್ಲಾ ಕೇಳಿಸ್ಕೊಂಡಿದೀನಿ.

ಅಕ್ಕಾರ, ನಾಯಿಗೆ ದಾರಿ ಹೆಂಗ ಗೊತ್ತಾಗತೈತ್ರಿ? ಸಿಗ್ನಲ್‌ನ್ಯಾಗ ಕೆಂಪು ದೀಪ ನೋಡಿ ತಾನ ನಿಂದರತದೇನ್ರಿ? ನೀವು ಬರೇ "ಆಫೀಸಿಗೆ ನಡಿ" ಅಂದ್ರ ಕರ್ಕೊಂಡು ಹೋಗತದೇನು? (ಓದುಗರು, ಧಾರವಾಡ)

ಇಲ್ಲಾರಿ, ಅಷ್ಟು ಸುಲಭ ಇದ್ದಿದ್ರೆ ನಾನು ದಾರೀಲಿ ನಿದ್ದೆ ಮಾಡ್ಕೊಂಡು ಹೋಗ್ತಿದ್ದೆ. ದಾರಿ ನನ್ನ ತಲೇಲಿರ್ಬೇಕು. ಎಷ್ಟನೇ ಕ್ರಾಸು, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಅಂತ ಹೇಳೋಳು ನಾನು. ಮುಂದಿರೋ ಕಂಬ, ಅಗೆದು ಬಿಟ್ಟಿರೋ ಗುಂಡಿ, ತಲೆ ಮಟ್ಟಕ್ಕೆ ಬಾಗಿರೋ ಕೊಂಬೆ, ಇದನ್ನೆಲ್ಲಾ ತಪ್ಪಿಸೋದು ಅದರ ಕೆಲಸ. ಫುಟ್‌ಪಾತ್ ಮುಗಿಯೋ ಕಡೆ, ಮೆಟ್ಟಿಲು ಶುರುವಾಗೋ ಕಡೆ ನಿಂತ್ಬಿಡುತ್ತೆ, ನಾನು ಕಾಲಲ್ಲಿ ತಡವಿ ನೋಡಿ ಮುಂದಕ್ಕೆ ಅಂದ್ಮೇಲೇನೇ ಹೊರಡೋದು. ಸಿಗ್ನಲ್ ದೀಪ ಅದು ನೋಡಲ್ಲ. ಗಾಡಿಗಳ ಸದ್ದು ಯಾವ ಕಡೆ ಹರೀತಿದೆ ಅಂತ ನಾನೇ ಕಿವಿಗೊಟ್ಟು ಕೇಳಿ ಹೋಗು ಅಂತೀನಿ. ನಾನು ಹೋಗು ಅಂದಾಗ ಗಾಡಿ ಬರ್ತಿದ್ರೆ ಮಾತ್ರ ಅದು ನನ್ನ ಮಾತು ಕೇಳ್ಬಾರ್ದು, ಟ್ರೇನಿಂಗ್‌ನಲ್ಲಿ ಬಹಳ ಕಷ್ಟಪಟ್ಟು ಕಲಿಸೋದು ಇದನ್ನೇ, ಮಾತು ಕೇಳೋದನ್ನ ಕಲಿಸ್ಬಹುದು ಆದ್ರೆ ಯಾವಾಗ ಕೇಳ್ಬಾರ್ದು ಅಂತ ಕಲಿಸೋದಿದ್ಯಲ್ಲ, ಅದು ಮನುಷ್ಯರಿಗೇ ಬರಲ್ಲ. ಎರಡು ವರ್ಷದ ಹಿಂದೆ ಅಂಗಡಿ ಪಾರ್ಕಿಂಗ್‌ನಲ್ಲಿ ಒಂದು ಎಲೆಕ್ಟ್ರಿಕ್ ಕಾರು ಸದ್ದೇ ಇಲ್ದೆ ರಿವರ್ಸ್ ಬಂತು. ನಾನು ಹೋಗು ಅಂತಾನೇ ಇದೀನಿ, ಇವನು ನನ್ನ ಮೊಣಕಾಲಿಗೆ ಅಡ್ಡ ನಿಂತು ಅಲ್ಲಾಡ್ಲಿಲ್ಲ, ಇನ್ನೇನು ಬೈಬೇಕು ಅನ್ನೋಷ್ಟರಲ್ಲಿ ಕಾರಿನವಳು ಗಾಬರಿಯಾಗಿ ಇಳಿದು ಸಾರಿ ಸಾರಿ ಅಂದ್ಲು, ಆಮೇಲೆ ಗೊತ್ತಾಗಿದ್ದು.

ಈ ವಿದ್ಯೆ ಶುರುವಾಗಿದ್ದು ಜರ್ಮನಿಯಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳ್ಕೊಂಡ ಸೈನಿಕರಿಗೋಸ್ಕರ 1916ರಲ್ಲಿ ಓಲ್ಡೆನ್‌ಬರ್ಗ್‌ನಲ್ಲಿ ಸ್ಕೂಲ್ ತೆಗೆದ್ರು. ಅಮೆರಿಕದಿಂದ ಮಾರಿಸ್ ಫ್ರಾಂಕ್ ಅನ್ನೋ ಕಣ್ಣು ಕಾಣದ ಹುಡುಗ 1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಡೊರೊಥಿ ಯೂಸ್ಟಿಸ್ ಅನ್ನೋ ಹೆಂಗಸಿನ ಹತ್ರ ತರಬೇತಿ ತಗೊಂಡು ಒಂದು ಜರ್ಮನ್ ಶೆಫರ್ಡ್ ಜೊತೆ ವಾಪಸ್ ಬಂದ. ಅದರ ಹೆಸರು ಬಡ್ಡಿ. ಸಾಲದ ಬಡ್ಡಿ ಅಲ್ಲ, ಗೆಳೆಯ ಅನ್ನೋ ಅರ್ಥದ್ದು. ಮಾರನೇ ವರ್ಷ ಅವರು ಸೇರಿ ಕಟ್ಟಿದ್ದೇ ದ ಸೀಯಿಂಗ್ ಐ ಅನ್ನೋ ಸಂಸ್ಥೆ, ಈಗ ನಮ್ಮ ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿದೆ. ಮರಿಗೆ ಏಳೆಂಟು ವಾರ ಆದಾಗ ವಾಲಂಟಿಯರ್ ಮನೆಯವರು ಕರ್ಕೊಂಡು ಹೋಗಿ ಒಂದು ವರ್ಷದ ಮೇಲೆ ಸಾಕ್ತಾರೆ, ಆಮೇಲೆ ಸುಮಾರು ನಾಲ್ಕು ತಿಂಗಳು ಟ್ರೇನರ್ ಹತ್ರ, ಕೊನೆಗೆ ನಾವು ಅಲ್ಲೇ ಮೂರ್ನಾಲ್ಕು ವಾರ ಇದ್ದು ಅದರ ಜೊತೆ ನಡೆಯೋದು ಕಲೀಬೇಕು. ಕಲಿಯೋರು ನಾವೇ, ನಾಯಿಗೆ ಅಷ್ಟು ಹೊತ್ತಿಗೆ ಎಲ್ಲಾ ಬಂದಿರುತ್ತೆ.

ಮೇಡಂ, ನಾನು ಇಲ್ಲಿ ಒಂದು ಚಿಕ್ಕ ಸೌತ್ ಇಂಡಿಯನ್ ಹೋಟೆಲ್ ನಡೆಸ್ತೀನಿ. ನಾಯಿ ಜೊತೆ ಯಾರಾದ್ರೂ ಬಂದ್ರೆ ಬಿಡ್ಲೇಬೇಕಾ? ಬೇರೆ ಕಸ್ಟಮರ್ಸ್ ಮುಖ ಸಿಂಡರಿಸ್ತಾರೆ, ಹೆಲ್ತ್ ಇನ್‌ಸ್ಪೆಕ್ಟರ್ ಭಯ ಬೇರೆ. ಕಾರ್ಡ್ ತೋರಿಸಿ ಅಂತ ಕೇಳ್ಬಹುದಾ? (ಹೆಸರು ಬೇಡ ಅಂದಿದಾರೆ, ನ್ಯೂಜೆರ್ಸಿ)

ಬಾಗಿಲಲ್ಲೇ ವಾಪಸ್ ಕಳಿಸೋ ಬದಲು ಮೊದಲು ಕೇಳಿದ್ರಲ್ಲ, ಅದಕ್ಕೇ ಥ್ಯಾಂಕ್ಸ್. ಸರ್ವಿಸ್ ಡಾಗ್, ಅಂದ್ರೆ ಅಂಗವೈಕಲ್ಯ ಇರೋರಿಗೆ ಸಹಾಯ ಮಾಡೋಕೆ ಕೆಲಸ ಕಲಿಸಿರೋ ನಾಯಿ, ಆದ್ರೆ ಬಿಡ್ಲೇಬೇಕು. ಎಡಿಎ ಅಂತ ಅಂಗವಿಕಲರ ಹಕ್ಕಿಗೋಸ್ಕರ ಅಮೆರಿಕದಲ್ಲಿ ಮಾಡಿರೋ 1990ರ ಕಾನೂನು, ಹೋಟೆಲು ಅಂಗಡಿ ಥಿಯೇಟರು ಆಸ್ಪತ್ರೆ ಎಲ್ಲದಕ್ಕೂ ಅನ್ವಯ. ಊಟದ ಜಾಗಕ್ಕೆ ಪ್ರಾಣಿ ಬರಬಾರದು ಅಂತ ಹೆಲ್ತ್ ಡಿಪಾರ್ಟ್‌ಮೆಂಟ್ ರೂಲ್ ಇದ್ರೂ ಸರ್ವಿಸ್ ಡಾಗ್‌ಗೆ ಅದು ಅಡ್ಡ ಬರಲ್ಲ. ಕಾರ್ಡ್ ಕೇಳೋ ಹಾಗಿಲ್ಲ, ಯಾಕಂದ್ರೆ ಅಂಥ ಸರ್ಕಾರಿ ಕಾರ್ಡೇ ಇಲ್ಲ. ಮೈಮೇಲೆ ಜಾಕೆಟ್ ಇರ್ಲೇಬೇಕು ಅಂತಾನೂ ಇಲ್ಲ. ನೀವು ಕೇಳ್ಬಹುದಾದ್ದು ಎರಡೇ ಮಾತು: ಅಂಗವೈಕಲ್ಯದ ಕಾರಣಕ್ಕೆ ಬೇಕಾಗಿರೋ ಸರ್ವಿಸ್ ಡಾಗಾ ಇದು, ಅದಕ್ಕೆ ಏನು ಕೆಲಸ ಕಲಿಸಿದೆ. ಏನು ಕಾಯಿಲೆ ಅಂತ ಕೇಳ್ಬಾರ್ದು, ಎಲ್ಲಿ ಮಾಡಿ ತೋರ್ಸಿ ಅನ್ಬಾರ್ದು. ನನ್ನ ಹಾಗೆ ಕಣ್ಣು ಕಾಣದವಳು ಹಾರ್ನೆಸ್ (ನಾಯಿ ಮೈಗೆ ಕಟ್ಟೋ ಹಿಡಿ ಇರೋ ಪಟ್ಟಿ) ಹಿಡ್ಕೊಂಡು ಬಂದಾಗ ಆ ಎರಡೂ ಬೇಕಾಗಲ್ಲ, ಕಾಣಿಸ್ತಾನೇ ಇರುತ್ತೆ. ಆದ್ರೆ ಶುಗರ್ ಇಳಿದಾಗ ಎಚ್ಚರಿಸೋ ನಾಯಿ, ಫಿಟ್ಸ್ ಬರೋರ ನಾಯಿ, ಯುದ್ಧದಿಂದ ಬಂದ ಸೈನಿಕರ ನಾಯಿ ಇರುತ್ವೆ, ಅವರನ್ನ ನೋಡಿದ್ರೆ ಆರಾಮಾಗೇ ಇದಾರಲ್ಲ ಅನ್ಸುತ್ತೆ. ಅಲ್ಲಿ ಕೇಳಿ, ತಪ್ಪಿಲ್ಲ.

ಪಕ್ಕದ ಟೇಬಲ್‌ನವರಿಗೆ ಭಯ, ಅಲರ್ಜಿ ಅನ್ನೋದು ಕಾರಣ ಆಗಲ್ಲ, ಬೇಕಿದ್ರೆ ಇಬ್ಬರನ್ನೂ ದೂರ ದೂರ ಕೂರಿಸಿ. ನಿಮಗೂ ಹಕ್ಕಿದೆ. ನಾಯಿ ಬೊಗಳ್ತಾ ಹಾರ್ತಾ ಇದ್ದು ಯಜಮಾನ ಸುಮ್ನಿದ್ರೆ, ಅಥವಾ ಒಳಗೇ ಗಲೀಜು ಮಾಡಿದ್ರೆ, ನಾಯಿನ ಆಚೆ ಕಳ್ಸಿ ಅನ್ಬಹುದು. ಆ ಮನುಷ್ಯನಿಗೆ ಮಾತ್ರ ನಾಯಿ ಬಿಟ್ಟು ಬಂದ್ರೆ ಊಟ ಕೊಡ್ತೀವಿ ಅನ್ಬೇಕು. ಕುರ್ಚಿ ಮೇಲೆ ಕೂರಿಸೋದಕ್ಕೆ, ತಟ್ಟೆಯಿಂದ ತಿನ್ಸೋದಕ್ಕೆ ನೀವು ಒಪ್ಪಬೇಕಾಗಿಲ್ಲ.

ನನ್ನನ್ನೂ ಒಂದು ಕಡೆ, ನಮ್ಮವರದೇ ಹೋಟೆಲು, ಬಾಗಿಲಲ್ಲೇ ನಿಲ್ಲಿಸಿದ್ರು. ಓನರ್ ಕೆಟ್ಟೋರಲ್ಲ, ಗೊತ್ತಿರ್ಲಿಲ್ಲ ಅಷ್ಟೆ, ಕಾಲೇಜಿಗೆ ಹೋಗೋ ಮಗಳು ಫೋನಲ್ಲಿ ಬೈದ ಮೇಲೆ ಒಳಗೆ ಬಿಟ್ರು. ಈಗ ಅಲ್ಲಿ ಉಲ್ಟಾ ತೊಂದ್ರೆ. ನಾನು ಹೋದ ತಕ್ಷಣ ನಾಯಿಗೆ ಅಂತ ಸ್ಟೀಲ್ ಬಟ್ಟಲಲ್ಲಿ ಮೊಸರನ್ನ ಬರುತ್ತೆ, ಡ್ಯೂಟಿ ಟೈಮಲ್ಲಿ ಕೊಡಬಾರದು ಅಂದ್ರೆ "ಅಯ್ಯೋ ಪಾಪ, ಒಂದು ತುತ್ತು" ಅಂತಾರೆ. ದಯವಿಟ್ಟು ನೀವು ಅದೊಂದು ಮಾಡ್ಬೇಡಿ.

ನಮ್ಮದು ಶಿಟ್ಜು ಅನ್ನೋ ಪುಟ್ಟ ಜಾತಿಯ ನಾಯಿ. ಆನ್‌ಲೈನ್‌ನಲ್ಲಿ ಸರ್ವಿಸ್ ಡಾಗ್ ಸರ್ಟಿಫಿಕೇಟ್, ಜಾಕೆಟ್, ಐಡಿ ಎಲ್ಲಾ ಸೇರಿ ಮಾರ್ತಾರೆ. ತಗೊಂಡ್ರೆ ಲಾಡ್ಜ್‌ನಲ್ಲಿ ಪೆಟ್ ಫೀಸ್ ಉಳಿಯುತ್ತೆ ಅಂತ ಫ್ರೆಂಡ್ ಹೇಳಿದ್ರು, ನಿಜಾನಾ? (ಕ್ಯಾಲಿಫೋರ್ನಿಯಾ)

ಆ ಕಾಗದಕ್ಕೆ ನಮ್ಮೂರ ಸಂತೇಲಿ ಕಡ್ಲೆಕಾಯಿ ಕಟ್ಟಿಕೊಡೋ ಪೇಪರ್‌ಗಿಂತ ಹೆಚ್ಚಿನ ಬೆಲೆ ಇಲ್ಲ. ಕೇಂದ್ರ ಸರ್ಕಾರದ ರಿಜಿಸ್ಟ್ರಿ ಅನ್ನೋದೇ ಇಲ್ದಿರುವಾಗ ಅವರು ನಿಮ್ಮನ್ನ ಯಾವುದರಲ್ಲಿ ರಿಜಿಸ್ಟರ್ ಮಾಡ್ತಾರೆ ಹೇಳಿ. ಅದೂ ನೀವಿರೋದು ಕ್ಯಾಲಿಫೋರ್ನಿಯಾದಲ್ಲಿ, ಅಲ್ಲಿ ಸುಳ್ಳು ಹೇಳಿ ಸರ್ವಿಸ್ ಡಾಗ್ ಅಂತ ತೋರಿಸ್ಕೊಂಡ್ರೆ ಆರು ತಿಂಗಳವರೆಗೆ ಜೈಲು, 1000 ಡಾಲರ್‌ವರೆಗೆ ದಂಡ, ಅಥವಾ ಎರಡೂ. ನಿಮ್ಮ ಪೆಟ್ ಫೀಸ್ ಎಷ್ಟಿತ್ತು?

ಕೋಪ ಯಾಕೆ ಅಂದ್ರೆ, ಜಾಕೆಟ್ ಹಾಕ್ಕೊಂಡು ಬಂದ ಟ್ರೇನಿಂಗ್ ಇಲ್ಲದ ನಾಯಿ ಒಂದು ಸಲ ಏರ್‌ಪೋರ್ಟ್‌ನಲ್ಲಿ ನನ್ನ ಮೊದಲನೇ ನಾಯಿ ಮೇಲೆ ಎಗರಿತು. ಗಾಯ ಆಗ್ಲಿಲ್ಲ, ಆದ್ರೆ ಆಮೇಲೆ ಬಹಳ ದಿನ ಅವಳು ಇನ್ನೊಂದು ನಾಯಿ ಕಂಡ್ರೆ ನಡೆಯೋದೇ ನಿಲ್ಲಿಸ್ತಿದ್ಲು. ನಡುರಸ್ತೇಲಿ ಹಾಗೆ ನಿಂತ್ರೆ ನನ್ನ ಗತಿ ಏನು. ಇನ್ನು ಮನಸ್ಸಿಗೆ ಸಮಾಧಾನಕ್ಕೆ ಅಂತ ಡಾಕ್ಟರ್ ಪತ್ರ ಕೊಡೋ ಎಮೋಷನಲ್ ಸಪೋರ್ಟ್ ನಾಯಿ ಬೇರೆ ಲೆಕ್ಕ, ಬಾಡಿಗೆ ಮನೆಗೆ ಅದು ನಡೆಯುತ್ತೆ, ಹೋಟೆಲಿಗೆ ನಡೆಯಲ್ಲ, 2021ರ ಜನವರಿಯಿಂದ ವಿಮಾನದಲ್ಲೂ ಅದನ್ನ ಸರ್ವಿಸ್ ಡಾಗ್ ಅಂತ ಒಪ್ಪಬೇಕಾಗಿಲ್ಲ.

ಅಕ್ಕ, ದೇವಸ್ಥಾನಕ್ಕೆ ಹೋಗುವಾಗ ಏನ್ಮಾಡ್ತೀರಾ? (ಟೆಕ್ಸಸ್‌ನಿಂದ ಒಬ್ಬರು, ಶಿವಮೊಗ್ಗದಿಂದ ಇಬ್ಬರು ಇದನ್ನೇ ಕೇಳಿದಾರೆ)

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಮೇಲೆ ಹೇಳಿದ ಕಾನೂನು ಧಾರ್ಮಿಕ ಸಂಸ್ಥೆಗಳಿಗೆ ಅನ್ವಯ ಆಗಲ್ಲ, ಚರ್ಚ್ ಮಸೀದಿ ದೇವಸ್ಥಾನ ಎಲ್ಲಕ್ಕೂ ವಿನಾಯಿತಿ. ಬಿಟ್ಟುಕೊಳ್ಳೋದು ಬಿಡೋದು ಅವರಿಷ್ಟ. ಧರ್ಮರಾಯ ನಾಯಿ ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂದ ಕಥೆ, ದತ್ತಾತ್ರೇಯನ ಕಾಲ ಹತ್ರದ ನಾಲ್ಕು ನಾಯಿ, ಎಲ್ಲಾ ಹೇಳಿ ನೋಡಿದೀನಿ, ಕಮಿಟಿಯವರು ಹೂಂ ಹೂಂ ಅಂತ ಭಕ್ತಿಯಿಂದ ಕೇಳಿ ಕೊನೆಗೆ "ಚಪ್ಪಲಿ ಸ್ಟ್ಯಾಂಡ್ ಹತ್ರ ಕಟ್ಟಿ ಬನ್ನಿ" ಅಂದ್ರು. ಅವರ ಕಣ್ಣನ್ನ ಚಪ್ಪಲಿ ಪಕ್ಕ ಬಿಟ್ಟು ಬರೋಕೆ ಹೇಳಿದ್ರೆ ಬರ್ತಾರಾ? ಜಗಳ ಆಡ್ಲಿಲ್ಲ. ಮಡಿ ಅನ್ನೋದು ನನ್ನ ಅಜ್ಜಿ ಮನೇಲೂ ಇತ್ತು, ಅದರ ಅರ್ಥ ನನಗೆ ಗೊತ್ತು. ಈಗ ದೇವಸ್ಥಾನಕ್ಕೆ ಬಿಳಿ ಕೋಲು ತಗೊಂಡು ಗಂಡನ ಮೊಣಕೈ ಹಿಡ್ಕೊಂಡು ಹೋಗ್ತೀನಿ. ಬೇಜಾರಿಲ್ಲ ಅಂದ್ರೆ ಸುಳ್ಳು, ಅಲ್ಲಿ ಒಬ್ಬಳೇ ಒಂದು ಪ್ರದಕ್ಷಿಣೆ ಹಾಕೋಕೂ ಯಾರನ್ನಾದ್ರೂ ಕೇಳ್ಬೇಕು.

ರಾಜ್ಯೋತ್ಸವಕ್ಕೆ ಸ್ಕೂಲ್ ಹಾಲ್ ಬಾಡಿಗೆಗೆ ತಗೊಂಡಾಗ ಮಾತ್ರ ಕಥೆ ಬೇರೆ, ಅಲ್ಲಿ ಯಾರೂ ಬೇಡ ಅನ್ನೋ ಹಾಗಿಲ್ಲ. ಹೋದ ವರ್ಷ ಎರಡೂವರೆ ಗಂಟೆ ಡೊಳ್ಳು ಕುಣಿತ, ಭಾಷಣ ಎಲ್ಲದಕ್ಕೂ ಕಾಲಡಿ ಮಲಗಿದ್ದ. ಡೊಳ್ಳಿಗೆ ಕಿವಿ ನಿಮಿರಿಸಿದ್ದ, ಭಾಷಣಕ್ಕೆ ಗೊರಕೆ ಹೊಡೆದ.

ನನ್ನ ತಮ್ಮನಿಗೆ ಅಮೆರಿಕದಲ್ಲಿ ಇಂಥ ನಾಯಿ ಸಿಕ್ಕಿದೆ. ಅಮ್ಮ ಆರು ತಿಂಗಳು ಅಲ್ಲಿಗೆ ಹೋಗ್ಬೇಕು, ನಾಯಿ ಅಂದ್ರೆ ನಡುಗ್ತಾರೆ. ಏನು ಮಾಡೋದು? (ಮಂಡ್ಯ)

ನಮ್ಮಮ್ಮನೂ ಹಾಗೇ. ಚಿಕ್ಕವರಿದ್ದಾಗ ಬೀದಿನಾಯಿ ಕಚ್ಚಿ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸ್ಕೊಂಡೋರು, ಅವರಿಗೆ ಭಯ ಪಡಬೇಡಿ ಅನ್ನೋಕೆ ನನಗೇನು ಅಧಿಕಾರ. ಬಲವಂತ ಮಾಡ್ಬೇಡಿ, ಮುಟ್ಟಮ್ಮ ಮುಟ್ಟು ಅಂತ ಕೈ ಎಳೀಬೇಡಿ. ಒಂದು ರೂಮು, ಜೊತೆಗೆ ಅಡಿಗೆಮನೆ, ನಾಯಿ ಬರದ ಜಾಗ ಅಂತ ಮಾಡಿ ಅದಕ್ಕೊಂದು ಅಡ್ಡಗೇಟ್ ಹಾಕ್ಸಿ. ನಮ್ಮಮ್ಮ ಮೊದಲ ಎರಡು ವಾರ ಸೋಫಾ ಮೇಲೆ ಕಾಲು ಮಡಚಿಕೊಂಡೇ ಕೂತಿದ್ರು. ಮೂರನೇ ವಾರ ನಾನು ಜ್ವರ ಬಂದು ಮಲಗಿದ್ದಾಗ ಅದು ನನ್ನ ಮಂಚದ ಪಕ್ಕದಿಂದ ಕದಲ್ಲಿಲ್ಲ, ಊಟಕ್ಕೂ ಎದ್ದು ಹೋಗ್ಲಿಲ್ಲ ಅಂತೆ, ಅಮ್ಮ ದೂರದಿಂದ ನೋಡ್ತಾ ಇದ್ರು. ಅವತ್ತು ಸಂಜೆ ಗೇಟಿನ ಮೇಲಿಂದ ಒಂದು ತುಂಡು ದೋಸೆ ಬಿತ್ತು. ಅಲ್ಲಿಂದ ಶುರುವಾಗಿದ್ದು ನಾಲ್ಕು ತಿಂಗಳು ನಿಲ್ಲಲೇ ಇಲ್ಲ, ಕೊನೆಗೆ ಡಾಕ್ಟರ್ ನಾಯಿನ ತೂಕಕ್ಕೆ ಹಾಕಿ ನನಗೆ ಬೈದ್ರು. ನಿಮ್ಮ ತಮ್ಮನಿಗೆ ಈಗ್ಲೇ ಹೇಳಿಡಿ, ಭಯ ಹೋದ ಮೇಲಿನ ತೊಂದ್ರೆ ದೊಡ್ಡದು.

ಇಂಡಿಯಾಗೆ ಬರುವಾಗ ವಿಮಾನದಲ್ಲಿ ಕರ್ಕೊಂಡು ಬರ್ತೀರಾ? ಟಿಕೆಟ್ ಎಷ್ಟು? (ಬೆಂಗಳೂರು)

ಟಿಕೆಟ್ ಇಲ್ಲ, ನನ್ನ ಕಾಲ ಹತ್ರ ನೆಲದ ಮೇಲೆ ಮಲಗುತ್ತೆ. ಅಮೆರಿಕಕ್ಕೆ ಬಂದು ಹೋಗೋ ವಿಮಾನಗಳಿಗೆ ನಾಯಿಯ ಟ್ರೇನಿಂಗು, ಆರೋಗ್ಯದ ಬಗ್ಗೆ ಇಲ್ಲಿನ ಸಾರಿಗೆ ಇಲಾಖೆ ಫಾರ್ಮ್ ತುಂಬಿಸ್ಕೊಳ್ತಾರೆ, 48 ಗಂಟೆ ಮುಂಚೆ ಕೊಡಿ ಅನ್ಬಹುದು. 8 ಗಂಟೆ ಮೇಲಿನ ಪ್ರಯಾಣ ಆದ್ರೆ ಇನ್ನೊಂದು ಫಾರ್ಮ್, ನಾಯಿ ಒಂದು ಎರಡು ಮಾಡಲ್ಲ ಅಥವಾ ಮಾಡಿದ್ರೂ ಗಲೀಜಾಗದ ಹಾಗೆ ನೋಡ್ಕೋತೀನಿ ಅಂತ ನಾನು ಸಹಿ ಹಾಕ್ಬೇಕು. ಅಮೆರಿಕದೊಳಗೆ ಹೋಗುವಾಗ ಹಿಂದಿನ ರಾತ್ರಿ ಊಟ ಕೊಟ್ಟು ಬೆಳಿಗ್ಗೆ ಬರೀ ಸ್ವಲ್ಪ ನೀರು, ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಸೆಕ್ಯುರಿಟಿ ದಾಟಿದ ಮೇಲೂ ನಾಯಿಗೆ ಒಂದು ರೂಮ್ ಇರುತ್ತೆ, ಪ್ಲಾಸ್ಟಿಕ್ ಹುಲ್ಲು ಹಾಸಿರ್ತಾರೆ. ಮೊದಲ ಸಲ ಇವನು ಅದನ್ನ ಕಾರ್ಪೆಟ್ ಅಂದ್ಕೊಂಡು ಸಭ್ಯತೆಯಿಂದ ಸುಮ್ನೆ ನಿಂತಿದ್ದ.

ಊರಿಗೆ ಮಾತ್ರ ನಾನು ಕರ್ಕೊಂಡು ಬರಲ್ಲ. ಹದಿಮೂರು ಹದಿನಾಲ್ಕು ಗಂಟೆ ಕೂತ ಕಡೆ ಇರೋದು ಒಂದು. ಅಲ್ಲಿ ಇಳಿಯೋಕೆ ಪ್ರಾಣಿ ಕ್ವಾರಂಟೈನ್ ಇಲಾಖೆಯ ಎನ್ಒಸಿ ಬೇಕು. ವಾಪಸ್ ಬರೋಕೆ ಇನ್ನೂ ಕಷ್ಟ, ರೇಬೀಸ್ ಜಾಸ್ತಿ ಇರೋ ದೇಶಗಳ ಪಟ್ಟೀಲಿ ಇಂಡಿಯಾ ಇದೆ, 2024ರ ಆಗಸ್ಟ್ 1ರಿಂದ ರೂಲ್ಸ್ ಬಿಗಿಯಾಗಿದೆ, ಮೈಕ್ರೋಚಿಪ್ ಬೇಕು, ಇಲ್ಲೇ ಲಸಿಕೆ ಹಾಕಿಸಿದ್ದು ಅಂತ ಸರ್ಕಾರಿ ಮುದ್ರೆ ಬಿದ್ದ ಕಾಗದ ಹೊರಡೋಕೆ ಮುಂಚೆನೇ ಮಾಡಿಸ್ಕೋಬೇಕು, ಮರೆತ್ರೆ ವಾಪಸ್ ಬರುವಾಗ ಫಜೀತಿ. ಇದೆಲ್ಲಾ ಮಾಡಬಹುದು ಅಂತಾನೇ ಇಟ್ಕೊಳ್ಳಿ, ನಮ್ಮ ಸಾಗರದ ಪೇಟೆ ಬೀದೀಲಿ ಫುಟ್‌ಪಾತೇ ಇಲ್ಲ, ಏಳೆಂಟು ಬೀದಿನಾಯಿ ಸುತ್ತುವರಿದ್ರೆ ಇವನು ಕೆಲಸ ಮಾಡ್ತಾನಾ? ಇವನು ತಿರುಗಿ ಜಗಳಕ್ಕೆ ಹೋಗಲ್ಲ, ಹಾಗೆ ಕಲಿಸಿದಾರೆ. ಅದಕ್ಕೆ ಮೂರು ವಾರ ಸ್ನೇಹಿತೆ ಮನೇಲಿ ಬಿಟ್ಟು ನಾನು ಕೋಲು ಹಿಡ್ಕೊಂಡು ಬರ್ತೀನಿ.

ನಾನು ಪದವಿ ಓದ್ತಿದೀನಿ, ಪೂರ್ತಿ ದೃಷ್ಟಿ ಇಲ್ಲ. ನನಗೂ ಒಂದು ಗೈಡ್ ಡಾಗ್ ಬೇಕು. (ಮೈಸೂರು)

ತಮ್ಮಾ, ಸುಳ್ಳು ಆಸೆ ಹುಟ್ಟಿಸಲ್ಲ. ಮೇಲೆ ಹೇಳಿದ ಸೀಯಿಂಗ್ ಐ ಅಮೆರಿಕ, ಕೆನಡಾದಲ್ಲಿರೋರಿಗೆ ಮಾತ್ರ ಕೊಡೋದು. ನಮ್ಮ 2016ರ ವಿಕಲಚೇತನರ ಕಾಯ್ದೆ 21 ಬಗೆಯ ವೈಕಲ್ಯ ಹೆಸರಿಸುತ್ತೆ, ಸರ್ವಿಸ್ ಡಾಗ್ ಜೊತೆ ಹೋಟೆಲು ಬಸ್ಸಿಗೆ ಹೋಗೋ ಹಕ್ಕನ್ನ ಬಿಡಿಸಿ ಬರೆದಿಲ್ಲ, ನಾಯಿ ಸಿಕ್ಕಿದ್ರೂ ಪ್ರತಿ ಬಾಗಿಲಲ್ಲೂ ನೀನೇ ವಾದ ಮಾಡ್ಬೇಕಾಗುತ್ತೆ. ಕೋಲಿನ ತರಬೇತಿ ಸರಿಯಾಗಿ ತಗೊಂಡಿದೀಯಾ? ಎಲ್ಲಿ ಅರ್ಜಿ ಹಾಕಿದ್ರೂ ಮೊದಲು ಅದನ್ನೇ ನೋಡೋದು, ಒಬ್ಬನೇ ನಡೆಯೋಕೆ ಬಂದ್ರೆ ಮಾತ್ರ ನಾಯಿ. ಮುಂದೆ ಓದೋಕೆ ಇಲ್ಲಿಗೆ ಬರೋ ಯೋಚನೆ ಇದ್ರೆ ಪತ್ರಿಕೆಗೆ ಬರಿ, ಅವರು ನನಗೆ ತಲುಪಿಸ್ತಾರೆ.

ಆಂಟಿ, ನಿಮ್ಮ ನಾಯಿ ಹೆಸರೇನು? ನಾನು 4ನೇ ಕ್ಲಾಸ್. (ಹಾಸನ)

ಹೇಳಲ್ಲ ಪುಟ್ಟ! ಹೆಸರು ಗೊತ್ತಾದ್ರೆ ಜನ ರಸ್ತೇಲಿ ಕೂಗ್ತಾರೆ, ಅದು ತಿರುಗಿ ನೋಡುತ್ತೆ, ನಾನು ಹೋಗಿ ಕಂಬಕ್ಕೆ ಹೊಡ್ಕೋತೀನಿ. ಮುದ್ದು ಮಾಡೋದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ಸೋದೂ ಅಷ್ಟೆ, ಮನೆಗೆ ಬಂದು ಹಾರ್ನೆಸ್ ಬಿಚ್ಚಿದ ಮೇಲೆ ಎಷ್ಟು ಬೇಕಾದ್ರೂ ಮಾಡು. ಹಳೇದರ ಹೆಸರು ಬೇಕಾದ್ರೆ ಹೇಳ್ತೀನಿ, ಪೆಪ್ಪರ್ ಅಂತ. ಒಂಬತ್ತು ವರ್ಷಕ್ಕೆ ರಿಟೈರ್ ಆಗಿ ನಮ್ಮನೇಲೇ ಇದ್ಲು, ಈಗಿಲ್ಲ. ನಮ್ಮಮ್ಮನಿಗೆ ಪೆಪ್ಪರ್ ಅಂತ ನಾಲಿಗೆ ಹೊರಳ್ತಾ ಇರ್ಲಿಲ್ಲ, ಮೆಣಸಿ ಅಂತ ಕರೀತಿದ್ರು. ಬೇರೆ ಹೊತ್ತಲ್ಲಿ ಆ ಹೆಸರು ತನ್ನದೇ ಅಲ್ಲ ಅನ್ನೋ ಹಾಗೆ ಮಲಗಿರ್ತಿದ್ಲು, ಕಾವಲಿ ಚುಂಯ್ ಅಂದಾಗ ಮಾತ್ರ ಕರೆಯೋಕೆ ಮುಂಚೆನೇ ಗೇಟ್ ಹತ್ರ ಇರ್ತಿದ್ಲು.